ಒಂದು ಮನೆ, ಎರಡು ಒಲೆ

ಗೋಡೆಯ ಗಡಿಯಾರದಲ್ಲಿ ಬೆಳಿಗ್ಗೆ ಹತ್ತು ಗಂಟೆ. ಲ್ಯಾಪ್‌ಟಾಪ್ ತೆರೆದರೆ ಪರದೆಯ ಮೂಲೆಯಲ್ಲಿ ಇನ್ನೂ ನಾಲ್ಕೂವರೆ. ಹಳೆಯ ಯಂತ್ರವೊಂದರಲ್ಲಿ ವಿಂಡೋಸ್ ಜೊತೆಗೆ ಲಿನಕ್ಸನ್ನೂ ಕೂರಿಸಿಕೊಂಡವರಿಗೆ ಮೊದಲ ವಾರದಲ್ಲೇ ಎದುರಾಗುವ ಸೋಜಿಗ ಇದು. ವೈರಸ್ ಬಂತೇನೋ ಎಂದು ಕೆಲವರು ಹೆದರುತ್ತಾರೆ, ಬ್ಯಾಟರಿ ಹೋಯಿತೇನೋ ಎಂದು ಕೆಲವರು ಅಂಗಡಿಗೆ ಹೊರಡುತ್ತಾರೆ. ಆದರೆ ವ್ಯತ್ಯಾಸ ಪ್ರತಿ ಸಲವೂ ಕರಾರುವಾಕ್ಕಾಗಿ ಐದೂವರೆ ತಾಸು. ಗ್ರೀನಿಚ್‌ಗೂ ಭಾರತಕ್ಕೂ ಇರುವ ಅಂತರವೇ ಅಷ್ಟು.

ಲ್ಯಾಪ್‌ಟಾಪ್ ಆರಿಸಿಟ್ಟಾಗಲೂ ಅದರೊಳಗೆ ಒಂದು ಗಡಿಯಾರ ಓಡುತ್ತಲೇ ಇರುತ್ತದೆ, ಗುಂಡಿಯಷ್ಟಗಲದ ಒಂದು ಸೆಲ್‌ನ ಬಲದಿಂದ. ಅದಕ್ಕೆ ಊರು, ದೇಶ ಗೊತ್ತಿಲ್ಲ. ಅಂಕಿಗಳನ್ನು ಎಣಿಸಿಕೊಂಡು ಹೋಗುವುದಷ್ಟೇ ಅದರ ಕೆಲಸ. ಅಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ನಂಬುತ್ತದೆ. ಡಾಸ್ ಕಾಲದಿಂದ ಬಂದ ರೂಢಿ ಅದು. ಅಲ್ಲಿರಬೇಕಾದದ್ದು ಜಾಗತಿಕ ಸಮಯ ಎಂದು ಲಿನಕ್ಸ್ ನಂಬುತ್ತದೆ. ಅದು ಯುನಿಕ್ಸ್ ಮನೆತನದ ರೂಢಿ. ಹೀಗಾಗಿ ಲಿನಕ್ಸ್ ನಾಲ್ಕೂವರೆ ಎಂದು ಬರೆದು ಮಲಗುತ್ತದೆ, ವಿಂಡೋಸ್ ಎದ್ದು ಅದನ್ನೇ ನಮ್ಮೂರಿನ ಸಮಯ ಎಂದು ಓದುತ್ತದೆ. ತಮ್ಮ ತಮ್ಮ ಲೆಕ್ಕದಲ್ಲಿ ಎರಡೂ ಸರಿ. ಮನೆಯಲ್ಲಿ ಇನ್ನೊಬ್ಬರಿದ್ದಾರೆ ಎಂಬುದು ಮಾತ್ರ ಎರಡಕ್ಕೂ ತಿಳಿದಿಲ್ಲ. ಡ್ಯುಯಲ್ ಬೂಟ್ ಎಂಬ ವ್ಯವಸ್ಥೆಯ ತಕರಾರುಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲಿಂದಲೇ.

ಇಷ್ಟೊಂದು ಗೋಜಲು ಯಾರಿಗೆ ಬೇಕು? 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಉಚಿತ ಬೆಂಬಲವನ್ನು ನಿಲ್ಲಿಸಿದ ಮೇಲೆ ಈ ಪ್ರಶ್ನೆ ತಿರುಗುಮುರುಗಾಗಿದೆ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. ಲೆನೊವೊ 2011ರಲ್ಲಿ ಹೊರತಂದ ಥಿಂಕ್‌ಪ್ಯಾಡ್ ಟಿ420 ಅನ್ನು ನೋಡಿ. ಅದರದು ಎರಡನೆಯ ತಲೆಮಾರಿನ ಪ್ರೊಸೆಸರ್. ಕೀಲಿಮಣೆ ಇವತ್ತಿನ ಎಷ್ಟೋ ಹೊಸ ಯಂತ್ರಗಳದ್ದಕ್ಕಿಂತ ಚೆನ್ನಾಗಿದೆ. ರ‍್ಯಾಮ್ ಎಂಟು ಜಿಬಿಗೆ ಸೀಮಿತ ಎಂದು ಕಾಗದದಲ್ಲಿದ್ದರೂ ಹದಿನಾರನ್ನು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಅಂಥ ಗಟ್ಟಿಮುಟ್ಟಾದ ಯಂತ್ರ ನಿಯಮದ ದೃಷ್ಟಿಯಲ್ಲಿ ನಿವೃತ್ತ. ಕಂಪನಿಗಳು ವಿಲೇವಾರಿ ಮಾಡಿದ ಇಂಥ ಲ್ಯಾಪ್‌ಟಾಪ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಎರಡನೆಯ ಜನ್ಮ ಪಡೆಯುವುದುಂಟು.

ಹಾಗಿದ್ದರೆ ಪೂರ್ತಿ ಲಿನಕ್ಸಿಗೇ ಹೋಗಿಬಿಡಬಹುದಲ್ಲ? ತಾಲ್ಲೂಕು ಕೇಂದ್ರದ ಯಾವುದಾದರೂ ಡಿಟಿಪಿ ಅಂಗಡಿಗೆ ಹೋಗಿ ಈ ಸಲಹೆ ಕೊಟ್ಟು ನೋಡಬೇಕು. ಮದುವೆ ಕರೆಯೋಲೆಯಿಂದ ಹಿಡಿದು ಸಹಕಾರ ಸಂಘದ ವಾರ್ಷಿಕ ವರದಿಯವರೆಗೆ ಅವರ ಹಳೆಯ ಕಡತಗಳಿರುವುದು 2001ರಲ್ಲಿ ಬಂದ ಪೇಜ್‌ಮೇಕರ್ 7ರಲ್ಲಿ, ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ. ಆ ಫಾಂಟಿಲ್ಲದ ಕಡೆ ತೆರೆದರೆ ಕನ್ನಡದ ಬದಲು ರೋಮನ್ ಲಿಪಿಯ ಕಲಸುಮೇಲೋಗರ ಕಾಣಿಸುತ್ತದೆ. ಲಿನಕ್ಸಿನಲ್ಲಿ ಕನ್ನಡ ಟೈಪಿಸಲು ಅಡ್ಡಿಯೇನಿಲ್ಲ, ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯೂ ಅಲ್ಲಿ ಸಿಗುತ್ತದೆ. ಆದರೆ ಇಪ್ಪತ್ತು ವರ್ಷದ ದಾಸ್ತಾನನ್ನು ಬಿಟ್ಟು ಬರಲು ಯಾರಿಗೂ ಮನಸ್ಸಾಗುವುದಿಲ್ಲ. ಅಂತರ್ಜಾಲಕ್ಕೆ, ಇಮೇಲ್‌ಗೆ, ಬ್ಯಾಂಕಿನ ಕೆಲಸಕ್ಕೆ ಲಿನಕ್ಸ್. ಹಳೆಯ ಕಡತಕ್ಕೆ ಅಂತರ್ಜಾಲದ ನಂಟು ಕಡಿದುಕೊಂಡ ವಿಂಡೋಸ್. ಅಂಥವರಿಗೆ ಇದಕ್ಕಿಂತ ಒಳ್ಳೆಯ ಹಂಚಿಕೆ ಕಷ್ಟ.

ಇನ್ನು ಹಂಚಿಕೆಯ ಕತೆ. ಆಸ್ತಿ ಪಾಲಾಗುವುದಕ್ಕೂ ಡಿಸ್ಕ್ ಪಾಲಾಗುವುದಕ್ಕೂ ನಮ್ಮಲ್ಲಿ ಹೆಸರು ಒಂದೇ, ಪಾರ್ಟಿಷನ್. ಹೋಲಿಕೆ ಹೆಸರಿಗಷ್ಟೇ ಮುಗಿಯುವುದಿಲ್ಲ. ಡಿಸ್ಕಿನ ಮೊಟ್ಟಮೊದಲ ತುಣುಕಿನಲ್ಲಿ ಒಂದು ಪಹಣಿ ಇರುತ್ತದೆ: ಯಾವ ಹಿಸ್ಸೆ ಎಲ್ಲಿಂದ ಶುರು, ವಿಸ್ತೀರ್ಣವೆಷ್ಟು, ಬೆಳೆ ಯಾವುದು. (ಪಹಣಿಯನ್ನು ಕರ್ನಾಟಕದಲ್ಲಿ ಆರ್‌ಟಿಸಿ ಎನ್ನುತ್ತಾರೆ, ಕಂಪ್ಯೂಟರಿನವರು ಆರ್‌ಟಿಸಿ ಎನ್ನುವುದು ಮೇಲೆ ಹೇಳಿದ ಆ ಗಡಿಯಾರಕ್ಕೆ. ಎರಡೂ ತಪ್ಪಾಗಿದ್ದರೆ ಅಲೆದಾಟ ತಪ್ಪಿದ್ದಲ್ಲ.)

ಆ ಮೊದಲ ತುಣುಕಿನ ಗಾತ್ರ 512 ಬೈಟ್. 1983ರಲ್ಲಿ ಐಬಿಎಂ ಪಿಸಿಗೆ ಹಾರ್ಡ್ ಡಿಸ್ಕ್ ಬಂದಾಗ ಡಾಸ್ 2.0 ಜೊತೆ ಹುಟ್ಟಿದ ಈ ತುಣುಕಿಗೆ ಮಾಸ್ಟರ್ ಬೂಟ್ ರೆಕಾರ್ಡ್ ಎಂದು ಹೆಸರು. ಅದರಲ್ಲಿ 64 ಬೈಟ್ ಪಹಣಿಗೆ, ಕೊನೆಯ ಎರಡು ಬೈಟ್ ಮೊಹರಿಗೆ. ಉಳಿದ 446 ಬೈಟಿನಲ್ಲಿ ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಂ ಅಡಗಿರಬೇಕು. ಅದೆಷ್ಟು ಇಕ್ಕಟ್ಟು ಎಂದರೆ, ಯೂನಿಕೋಡಿನಲ್ಲಿ ಬರೆದ ‘ಕ್ಷಿ’ ಎಂಬ ಒಂದೇ ಅಕ್ಷರಕ್ಕೆ 12 ಬೈಟ್ ಬೇಕು. ಅಂಥ 37 ಅಕ್ಷರ ಬರೆಯುವಷ್ಟರಲ್ಲಿ ಜಾಗ ಮುಗಿಯಿತು.

ಗುಂಡಿ ಒತ್ತಿದಾಗ ಎಚ್ಚರವಾಗುವುದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ಮದರ್‌ಬೋರ್ಡಿನ ಚಿಪ್‌ನಲ್ಲಿ ಕುಳಿತ ಬಯಾಸ್. ಅದು ಕೀಲಿಮಣೆ, ರ‍್ಯಾಮ್, ಡಿಸ್ಕ್‌ಗಳನ್ನು ತಟ್ಟಿ ನೋಡಿ, ಈ 512 ಬೈಟ್ ತುಣುಕನ್ನು ರ‍್ಯಾಮಿನ 31,744ನೇ ವಿಳಾಸಕ್ಕೆ ತಂದಿಟ್ಟು, ಕೊನೆಯ ಮೊಹರು ಸರಿಯಿದೆಯೇ ನೋಡಿ, ಯಜಮಾನಿಕೆಯನ್ನು ಅದರ ಕೈಗೆ ಕೊಟ್ಟು ಸರಿಯುತ್ತದೆ. 1981ರ ಮೊದಲ ಪಿಸಿ ತನ್ನ ಫ್ಲಾಪಿಯ ಮೊದಲ ತುಣುಕನ್ನು ತಂದಿಡುತ್ತಿದ್ದುದೂ ಇದೇ ವಿಳಾಸಕ್ಕೆ. ಬಯಾಸ್‌ಗೆ ತಿಳಿದಿರುವ ಬಾಗಿಲು ಅದೊಂದೇ. ಒಳಗೆ ಎಷ್ಟು ಸಂಸಾರಗಳಿವೆ ಎಂಬುದು ಅದಕ್ಕೆ ಬೇಕಿಲ್ಲ.

ಆದ್ದರಿಂದ ಬಾಗಿಲಲ್ಲಿ ಯಾರನ್ನು ನಿಲ್ಲಿಸುತ್ತೀರಿ ಎಂಬುದೇ ಮುಖ್ಯ. ವಿಂಡೋಸ್ ತನ್ನ ಕಾವಲುಗಾರನನ್ನು ನಿಲ್ಲಿಸಿದರೆ ಅವನು ಲಿನಕ್ಸನ್ನು ಗುರುತಿಸುವುದಿಲ್ಲ. ಲಿನಕ್ಸಿನ ಕಾವಲುಗಾರ ಗ್ರಬ್‌ಗೆ ಇಬ್ಬರ ಪರಿಚಯವೂ ಇದೆ. 1995ರಲ್ಲಿ ಎರಿಕ್ ಬೋಲಿನ್ ಶುರುಮಾಡಿದ ಈ ತಂತ್ರಾಂಶ 446 ಬೈಟಿನಲ್ಲಿ ಒಂದು ಕಾಲಿಟ್ಟು, ಪಹಣಿಗೂ ಮೊದಲ ಹಿಸ್ಸೆಗೂ ನಡುವಿನ ಬೀಳು ಜಾಗದಲ್ಲಿ ಇನ್ನೊಂದು ಕಾಲಿಟ್ಟು, ಲಿನಕ್ಸಿನ ಪಾಲಿನಿಂದ ತನ್ನ ಪಟ್ಟಿಯನ್ನು ಓದಿಕೊಂಡು ಪರದೆಯ ಮೇಲೆ ಕೇಳುತ್ತದೆ: ಯಾರು ಬೇಕು? ಕೆಲವು ಸೆಕೆಂಡು ಕಾಯುತ್ತದೆ. ಉತ್ತರ ಬಾರದಿದ್ದರೆ ಮೊದಲನೆಯವರನ್ನು ಕರೆಯುತ್ತದೆ. ವಿಂಡೋಸ್ ಬೇಕೆಂದರೆ ವಿಂಡೋಸಿನ ಕಾವಲುಗಾರನನ್ನೇ ಎಬ್ಬಿಸಿ ತಾನು ಮರೆಯಾಗುತ್ತದೆ.

ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ ಎಂದು ಬಲ್ಲವರು ಹೇಳುವುದು ಇದಕ್ಕೇ. ಅನುಕ್ರಮ ತಪ್ಪಿದರೆ, ಹೊಸದಾಗಿ ಬಂದ ವಿಂಡೋಸ್ ಕೇಳದೆ ಹೇಳದೆ ಗ್ರಬ್ ಅನ್ನು ಬಾಗಿಲಿನಿಂದ ಇಳಿಸಿಬಿಡುತ್ತದೆ. ಲಿನಕ್ಸ್ ಒಳಗೆ ಸುರಕ್ಷಿತವಾಗಿಯೇ ಇರುತ್ತದೆ. ಹೋಗುವ ದಾರಿ ಮಾತ್ರ ಮುಚ್ಚಿರುತ್ತದೆ. ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಯಂತ್ರ ಎಬ್ಬಿಸಿ ಗ್ರಬ್ ಅನ್ನು ಮರುಸ್ಥಾಪಿಸಿದರೆ ಎಲ್ಲ ಮೊದಲಿನಂತೆ. ಡಿಸ್ಕ್ ಅಳಿಸಿಹೋಯಿತೆಂದು ಗಾಬರಿಯಾಗಿ ಎಲ್ಲವನ್ನೂ ಫಾರ್ಮ್ಯಾಟ್ ಮಾಡಿಸುವವರು ಕಳೆದುಕೊಳ್ಳುವುದೇ ಹೆಚ್ಚು.

ಹಳೆಯ ಪಹಣಿಗೆ ಇನ್ನೊಂದು ಕೊರತೆ ಇದೆ. 64 ಬೈಟಿನಲ್ಲಿ ತಲಾ 16ರಂತೆ ನಾಲ್ಕೇ ನಮೂದು, ಅಂದರೆ ನಾಲ್ಕೇ ಹಿಸ್ಸೆ. ಟಿ420 ಕಾರ್ಖಾನೆಯಿಂದ ಬರುವಾಗಲೇ ಅದರಲ್ಲಿ ಮೂರು ಭರ್ತಿಯಾಗಿರುತ್ತಿದ್ದವು: ಎಬ್ಬಿಸುವ ಕಡತಗಳಿಗೊಂದು, ವಿಂಡೋಸ್ 7ಕ್ಕೊಂದು, ಮರುಸ್ಥಾಪನೆಯ ಸಾಮಗ್ರಿಗೊಂದು. ಆ ಕಾಲದ ಹಲವು ಎಚ್‌ಪಿ ಲ್ಯಾಪ್‌ಟಾಪ್‌ಗಳಲ್ಲಂತೂ ನಾಲ್ಕೂ ತುಂಬಿರುತ್ತಿದ್ದವು. ಡಿಸ್ಕಿನಲ್ಲಿ ನೂರಾರು ಜಿಬಿ ಖಾಲಿಯಿದ್ದರೂ ಪಹಣಿಯಲ್ಲಿ ಸಾಲು ಖಾಲಿಯಿಲ್ಲವೆಂದು ಲಿನಕ್ಸನ್ನು ಹೊರಗೇ ನಿಲ್ಲಿಸುವ ಪರಿಸ್ಥಿತಿ. ಪರಿಹಾರವೂ ನಮ್ಮ ಕಂದಾಯ ಇಲಾಖೆಗೆ ಒಪ್ಪುವಂಥದ್ದೇ: ಒಂದು ಹಿಸ್ಸೆಯನ್ನು ‘ವಿಸ್ತೃತ’ ಎಂದು ಘೋಷಿಸಿ ಅದರೊಳಗೆ ಪೋಡಿ ಮಾಡಿ ಉಪಹಿಸ್ಸೆಗಳನ್ನು ಮಾಡುವುದು. ಲಿನಕ್ಸ್ ಉಪಹಿಸ್ಸೆಯಲ್ಲೂ ಸುಖವಾಗಿ ಬಾಳುತ್ತದೆ.

ಇಷ್ಟು ಓದಿದವರಿಗೆ ಟಿ420ರ ಒಂದು ಗುಣ ಇಷ್ಟವಾದೀತು. ಅದರ ಡಿವಿಡಿ ಡ್ರೈವ್ ಅನ್ನು ಒಂದು ಚಿಲಕ ಸರಿಸಿ ಹೊರಗೆಳೆಯಬಹುದು. ಇವತ್ತು ಡಿವಿಡಿ ಹಾಕುವವರು ಯಾರು? ಆ ಜಾಗಕ್ಕೆ ಕ್ಯಾಡಿ ಎಂಬ ತಗಡಿನ ಚೌಕಟ್ಟಿನಲ್ಲಿ ಇನ್ನೊಂದು ಡಿಸ್ಕ್ ತೂರಿಸಿದರೆ ಒಂದೇ ಲ್ಯಾಪ್‌ಟಾಪಿಗೆ ಎರಡು ಡಿಸ್ಕ್, ಎರಡು ಪಹಣಿ, ಎರಡು ಬಾಗಿಲು. ಕ್ಯಾಡಿಗಳು 9.5 ಮತ್ತು 12.7 ಮಿಲಿಮೀಟರ್ ದಪ್ಪದಲ್ಲಿ ಸಿಗುತ್ತವೆ, ಅಳೆದು ಕೊಳ್ಳಬೇಕು. ವೇಗದ ಎಸ್‌ಎಸ್‌ಡಿಯನ್ನು ಮುಖ್ಯ ಜಾಗದಲ್ಲಿಟ್ಟು ಅದಕ್ಕೆ ಲಿನಕ್ಸ್ ಹಾಕಿ, ಯಂತ್ರದ ಜೊತೆ ಬಂದ ಹಾರ್ಡ್ ಡಿಸ್ಕನ್ನು ಅದರ ವಿಂಡೋಸ್ ಸಮೇತ ಕ್ಯಾಡಿಗೆ ವರ್ಗಾಯಿಸಿದರೆ ಯಾರ ಪಾಲಿಗೂ ಯಾರೂ ಕೈಹಾಕುವುದಿಲ್ಲ. ಗುಂಡಿ ಒತ್ತಿದೊಡನೆ ಎಫ್12 ಅದುಮಿದರೆ ಯಾವ ಡಿಸ್ಕ್ ಎಂದು ಬಯಾಸೇ ಕೇಳುತ್ತದೆ. ಗ್ರಬ್‌ನ ಮಧ್ಯಸ್ಥಿಕೆಯೂ ಬೇಡ. ಅಣ್ಣತಮ್ಮಂದಿರಿಗೆ ಒಂದೇ ಮನೆಯಲ್ಲಿ ಗೋಡೆ ಎಬ್ಬಿಸುವುದಕ್ಕಿಂತ ಪಕ್ಕದ ನಿವೇಶನ ಕೊಡಿಸುವುದು ಲೇಸಲ್ಲವೆ? ಹಳೆಯ ಲ್ಯಾಪ್‌ಟಾಪಿನ ಮಟ್ಟಿಗೆ ಉಳಿದೆಲ್ಲ ದಾರಿಗಳಿಗಿಂತ ನೆಮ್ಮದಿಯ ದಾರಿ ಇದು. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಇಂಥ ಅನುಕೂಲ ಇಲ್ಲ.

ಹೊಸ ಯಂತ್ರಗಳಲ್ಲಿ ಬಯಾಸ್ ಜಾಗಕ್ಕೆ ಯುಇಎಫ್‌ಐ ಬಂದಿದೆ. ಅದರ ಪಹಣಿಯಲ್ಲಿ ಸಾಮಾನ್ಯವಾಗಿ 128 ನಮೂದಿಗೆ ಜಾಗ. ಕಾವಲುಗಾರರೆಲ್ಲ ಒಂದು ಪ್ರತ್ಯೇಕ ಹಿಸ್ಸೆಯಲ್ಲಿ ತಂತಮ್ಮ ಕಡತಕೋಶದಲ್ಲಿ ಇರುತ್ತಾರೆ, ಒಬ್ಬರ ಮೇಲೊಬ್ಬರು ಬರೆಯುವ ಪ್ರಮೇಯ ಕಡಿಮೆ. ಆದರೆ 2012ರ ವಿಂಡೋಸ್ 8ರೊಡನೆ ಸೆಕ್ಯೂರ್ ಬೂಟ್ ಎಂಬ ಗುರುತುಚೀಟಿ ತಪಾಸಣೆಯೂ ಬಂತು. 2024ರ ಆಗಸ್ಟ್‌ನಲ್ಲಿ ವಿಂಡೋಸಿನ ಒಂದು ಅಪ್‌ಡೇಟ್, ಭದ್ರತಾ ದೋಷವಿದ್ದ ಹಳೆಯ ಗ್ರಬ್‌ಗಳ ಗುರುತುಚೀಟಿಯನ್ನು ರದ್ದು ಮಾಡಿತು. ಡ್ಯುಯಲ್ ಬೂಟ್ ಯಂತ್ರಗಳನ್ನು ಅದು ಮುಟ್ಟುವುದಿಲ್ಲ ಎಂದೇ ಹೇಳಲಾಗಿತ್ತು. ಮರುದಿನದಿಂದ ಹಲವರ ಲಿನಕ್ಸ್ ಎದ್ದೇಳಲಿಲ್ಲ. ಟಿ420ರಲ್ಲಿ ಸೆಕ್ಯೂರ್ ಬೂಟ್ ಎಂಬುದೇ ಇಲ್ಲವಾದ್ದರಿಂದ ಅದಕ್ಕೆ ಆ ಬಿಸಿ ತಟ್ಟಲಿಲ್ಲ. ಮುಪ್ಪಿಗೂ ಕೆಲವು ವಿನಾಯಿತಿಗಳಿವೆ.

ಬಾಗಿಲಿಗಾಗಿ ನಡೆದ ಜಗಳ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ್ದಿದೆ. 1990ರ ದಶಕದ ಕೊನೆಗೆ ಬಿಓಎಸ್ ಎಂಬ ಚುರುಕಾದ ವ್ಯವಸ್ಥೆಯನ್ನು ವಿಂಡೋಸ್ ಜೊತೆ ಸೇರಿಸಿ ಜಪಾನಿನ ಹಿಟಾಚಿ ಒಂದು ಕಂಪ್ಯೂಟರ್ ಮಾರಿತು. ಡಿಸ್ಕಿನಲ್ಲಿ ಬಿಓಎಸ್ ಇತ್ತು, ಆರಂಭದ ಪಟ್ಟಿಯಲ್ಲಿ ಅದರ ಹೆಸರೇ ಕಾಣುತ್ತಿರಲಿಲ್ಲ. ಕೊಂಡವರೇ ಸೂಚನೆ ಓದಿ ಅದನ್ನು ಹೊರತರಬೇಕಿತ್ತು. ಎರಡನೆಯ ವ್ಯವಸ್ಥೆಯನ್ನು ಬಾಗಿಲಲ್ಲಿ ತೋರಿಸಲು ವಿಂಡೋಸ್ ಪರವಾನಗಿಯ ಷರತ್ತುಗಳು ಬಿಡಲಿಲ್ಲ ಎಂದು ಬಿ ಕಂಪನಿ ದೂರಿ 2002ರಲ್ಲಿ ದಾವೆ ಹೂಡಿತು. ಮರುವರ್ಷ ಮೈಕ್ರೋಸಾಫ್ಟ್ ತಪ್ಪನ್ನು ಒಪ್ಪಿಕೊಳ್ಳದೆ 2.325 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಷ್ಟರಲ್ಲಿ ಬಿ ಕಂಪನಿ ಅಂಗಡಿ ಮುಚ್ಚಿಯಾಗಿತ್ತು.

ಎರಡೂ ಸಂಸಾರ ಹೂಡಿದ ಮೇಲೂ ಒಂದು ಅಪಾಯ ಉಳಿದಿರುತ್ತದೆ. ವಿಂಡೋಸ್ 8ರಿಂದೀಚೆಗೆ ‘ಶಟ್ ಡೌನ್’ ಎಂದಾಗ ಅದು ಪೂರ್ತಿ ಆರುವುದಿಲ್ಲ. ಬೇಗ ಏಳಲೆಂದು ತನ್ನ ತಿರುಳಿನ ನೆನಪನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಒಲೆಯ ಮೇಲೆ ಹಾಲಿಟ್ಟು ಪಕ್ಕದ ಮನೆಗೆ ಹೋದಂತೆ. ಆ ಹೊತ್ತಿಗೆ ಲಿನಕ್ಸ್ ಎದ್ದು ವಿಂಡೋಸ್ ಪಾಲಿನಲ್ಲಿ ಒಂದು ಕಡತ ಬದಲಿಸಿತೆನ್ನಿ. ಎಚ್ಚರಗೊಂಡ ವಿಂಡೋಸ್ ಹಳೆಯ ನೆನಪಿನಂತೆಯೇ ಮುಂದುವರಿದು ಕಡತಗಳನ್ನು ಕೆಡಿಸೀತು. ಅದಕ್ಕಾಗಿಯೇ ಲಿನಕ್ಸ್ ಆ ಪಾಲನ್ನು ಓದಲಷ್ಟೇ ತೆರೆಯುತ್ತದೆ, ಇಲ್ಲವೇ ತೆರೆಯಲು ಒಲ್ಲೆನೆನ್ನುತ್ತದೆ. ಡಿಸ್ಕ್ ಕೆಟ್ಟಿದೆ ಎಂದುಕೊಳ್ಳುವ ಬದಲು ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಈ ಸೌಲಭ್ಯವನ್ನು ನಿಲ್ಲಿಸಿದರೆ ಸಾಕು. ಗಡಿಯಾರದ ಕಾಟಕ್ಕೂ ಹೀಗೆಯೇ ಒಂದು ಸಾಲಿನ ಮದ್ದಿದೆ, ಸ್ಥಳೀಯ ಸಮಯವನ್ನೇ ಬಳಸು ಎಂದು ಲಿನಕ್ಸಿಗೆ ಆಜ್ಞಾಪಿಸುವುದು. ಆದರೆ ಇವೆಲ್ಲಕ್ಕೂ ಮುನ್ನ, ಪಾಲು ಮಾಡಲು ಕೈಹಾಕುವ ಮೊದಲೇ, ಕಡತಗಳ ಪ್ರತಿಯೊಂದು ಬೇರೆ ಡಿಸ್ಕಿನಲ್ಲಿರಬೇಕು. ಡಿಸ್ಕ್‌ಗಳ ಹೆಸರಿನಲ್ಲಿ ಒಂದಕ್ಷರ ತಪ್ಪಿ ಓದಿದರೂ ಬೇರೊಂದು ಪಾಲು ಅಳಿಸಿಹೋಗುತ್ತದೆ.

ಅದು ಅನನುಭವಿಗಳಿಗೆ ಮಾತ್ರ ಆಗುವ ಎಡವಟ್ಟೇನೂ ಅಲ್ಲ. 1991ರ ಜನವರಿಯಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 386 ಪ್ರೊಸೆಸರಿನ, ನಾಲ್ಕು ಎಂಬಿ ರ‍್ಯಾಮ್‌ನ ಕಂಪ್ಯೂಟರ್ ಕೊಂಡು ಅದರಲ್ಲಿ ಮಿನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಂಡರು. ತಾವೇ ಬರೆಯುತ್ತಿದ್ದ ಹೊಸ ವ್ಯವಸ್ಥೆಯನ್ನು ಕಂಪೈಲ್ ಮಾಡುವುದು ಮಿನಿಕ್ಸಿನಲ್ಲಿ, ಪರೀಕ್ಷಿಸಲು ಯಂತ್ರವನ್ನು ಮತ್ತೆ ಎಬ್ಬಿಸುವುದು. ಹುಟ್ಟುವಾಗ ಲಿನಕ್ಸೂ ಇಂಥದೇ ಒಂದು ಪಾಲುದಾರ ಮನೆಯ ಕೂಸು. ಆ ವರ್ಷದ ಕೊನೆಯ ಹೊತ್ತಿಗೆ ಒಮ್ಮೆ ಅವರು ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಮೋಡೆಮ್ ಮೂಲಕ ಕರೆ ಮಾಡಲು ಹೊರಟು, ಮೋಡೆಮ್ ಬದಲು ಹಾರ್ಡ್ ಡಿಸ್ಕಿಗೇ ನಂಬರ್ ಡಯಲ್ ಮಾಡಿಬಿಟ್ಟರು. ಕರೆಯ ಆಜ್ಞೆಗಳು ಮಿನಿಕ್ಸ್ ಇದ್ದ ಪಾಲಿನ ಮೇಲೆ ಹೋಗಿ ಬಿದ್ದು ಅದು ಹಾಳಾಯಿತು. ಮಿನಿಕ್ಸನ್ನು ಮತ್ತೆ ಹಾಕುವ ಗೋಜಿಗೆ ಅವರು ಹೋಗಲಿಲ್ಲ.