ಬಡವರ ಒಲೆಗೂ ಸರಕಾರದ ಸಹಾಯಧನಕ್ಕೂ ನಡುವಿನ ದೂರ

ಅನ್ನ, ಬಟ್ಟೆ, ವಸತಿ ಇವು ಮನುಷ್ಯನ ಮೂಲಭೂತ ಅಗತ್ಯಗಳೆಂದು ನಾವೆಲ್ಲ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಈ ಪಟ್ಟಿಯಲ್ಲಿ ಉರುವಲಿನ ಹೆಸರಿಲ್ಲ. ಆದರೆ ಜೋಳದ ಹಿಟ್ಟು ರೊಟ್ಟಿಯಾಗಬೇಕಾದರೆ ಹಂಚು ಕಾಯಬೇಕು. ಅಕ್ಕಿ ಅನ್ನವಾಗಬೇಕಾದರೆ ಎಸರು ಕುದಿಯಬೇಕು. ಪವಿತ್ರ ಗ್ರಂಥದಲ್ಲಿ ಪ್ರವಾದಿ ಎಲೀಯನು ಊರ ಬಾಗಿಲಲ್ಲಿ ಕಂಡ ಬಡ ವಿಧವೆಯನ್ನು ನೆನೆಯಿರಿ. ಮನೆಯಲ್ಲಿ ಒಂದು ಹಿಡಿ ಹಿಟ್ಟು, ತುಸು ಎಣ್ಣೆ ಇದ್ದರೂ ಆಕೆ ಕಟ್ಟಿಗೆ ಆಯಲು ಹೊರಗೆ ಬಂದಿದ್ದಳು. ಹಿಟ್ಟಿನ ಕೊರತೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಟ್ಟಿಗೆಯ ಕೊರತೆ ಅದನ್ನು ಹೊರುವವಳಿಗೆ ಮಾತ್ರ ಗೊತ್ತು.

ನಮ್ಮ ರಾಜ್ಯದಲ್ಲಿ 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯು ಬಡ ಕುಟುಂಬಗಳ ಅಕ್ಕಿಯ ಚಿಂತೆಯನ್ನು ಬಹುಮಟ್ಟಿಗೆ ಹಗುರಗೊಳಿಸಿತು. ಆ ಅಕ್ಕಿಯನ್ನು ಬೇಯಿಸುವ ಬೆಂಕಿಗೂ ಸರಕಾರದ ಸಹಾಯಧನವಿದೆ. ಆದರೆ ಆ ಹಣ ಯಾರ ಒಲೆಯನ್ನು ತಲುಪುತ್ತದೆ? ಯಾವಾಗ ತಲುಪುತ್ತದೆ? ಬಾಗಲಕೋಟೆ ಜಿಲ್ಲೆಯ ಬದುಕನ್ನು ಮುಂದಿಟ್ಟುಕೊಂಡು ಇದನ್ನು ವಿಚಾರ ಮಾಡುವುದು ಇಂದಿನ ಅಗತ್ಯವಾಗಿದೆ.

ನಮ್ಮ ಸೀಮೆಯ ಒಲೆಗಳು

ಬಾದಾಮಿಯ ಕೆಂಪು ಮರಳುಗಲ್ಲಿನ ಗುಡ್ಡಗಳ ಮಗ್ಗುಲಲ್ಲಿರುವ ಹಳ್ಳಿಗಳು ಮತ್ತು ತಾಂಡಾಗಳು, ಹುನಗುಂದದ ಎರೆ ಹೊಲಗಳ ನಡುವಿನ ಊರುಗಳು, ಇಳಕಲ್ಲಿನ ಸುತ್ತ ಗ್ರಾನೈಟ್ ಕ್ವಾರಿಗಳಲ್ಲಿ ದುಡಿಯುವವರ ಮನೆಗಳು, ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಮನೆಮಾರುಗಳನ್ನು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಕುಟುಂಬಗಳು, ಇವೆಲ್ಲವುಗಳ ಒಲೆ ಒಂದೇ ಬಗೆಯದಲ್ಲ. ಹೊಲವಿದ್ದವರಿಗೆ ಸುಗ್ಗಿಯ ನಂತರ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಸಿಗುತ್ತವೆ. ದನಕರುಗಳಿದ್ದವರಿಗೆ ಕುಳ್ಳು ಸಿಗುತ್ತದೆ. ಎರಡೂ ಇಲ್ಲದವರಿಗೆ ಉಳಿಯುವುದು ರಸ್ತೆಯ ಬದಿಯ, ಹಳ್ಳದ ದಂಡೆಯ ಜಾಲಿ ಮಾತ್ರ. ಭೂಮಿಯಿಲ್ಲದವರ ಮನೆಯ ಹೆಣ್ಣುಮಗಳು ಪರರ ಬದುವಿನಲ್ಲಿ ನಾಲ್ಕು ಕಡ್ಡಿ ಮುರಿದರೂ ನಾಲ್ಕು ಮಾತು ಕೇಳಬೇಕಾಗುತ್ತದೆ.

ಇಳಕಲ್ಲಿನ ಸೀರೆಯನ್ನೂ ಗುಳೇದಗುಡ್ಡದ ಖಣವನ್ನೂ ಮೆಚ್ಚದವರು ಯಾರು? ನೇಕಾರರ ಮನೆಯಲ್ಲಿ ಮಗ್ಗಕ್ಕೆ ಕಂಡಿಕೆ ಸುತ್ತಿ ಕೊಡುವವಳೂ ಒಲೆ ಹೊತ್ತಿಸುವವಳೂ ಹೆಚ್ಚಾಗಿ ಒಬ್ಬಳೇ. ಉರುವಲಿಗಾಗಿ ಆಕೆ ಕಳೆಯುವ ಪ್ರತಿ ಗಂಟೆಯೂ ದುಡಿಮೆಯಿಂದ ಕಳೆದುಹೋದ ಗಂಟೆಯೇ ಸರಿ.

ಹೊಗೆಯ ಲೆಕ್ಕ ಇದಕ್ಕಿಂತ ಕಠೋರವಾದುದು. ಮನೆಯೊಳಗಿನ ಹೊಗೆಯಿಂದ ಉಂಟಾಗುವ ರೋಗಗಳಿಂದಾಗಿ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಮೃತಪಟ್ಟರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ 2 ಲಕ್ಷ 37 ಸಾವಿರಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ತಾಯಿಯ ಮಡಿಲಲ್ಲಿ ಕುಳಿತು ಒಲೆಯ ಮುಂದೆ ಬೆಚ್ಚಗಾಗುವ ಕೂಸಿನ ಎದೆಗೂ ಅದೇ ಹೊಗೆ ಇಳಿಯುತ್ತದೆ.

ಚಿಮಣಿ ಎಣ್ಣೆಯಿಂದ ಸಿಲಿಂಡರಿನವರೆಗೆ

ಈ ಕಷ್ಟವನ್ನು ಸರಕಾರಗಳು ಕಾಣಲಿಲ್ಲವೆಂದು ಹೇಳಲಾಗದು. 1981-82ರಲ್ಲಿ ಜೈವಿಕ ಅನಿಲದ ರಾಷ್ಟ್ರೀಯ ಯೋಜನೆ ಬಂದಿತು. ಗೋಬರ್ ಗ್ಯಾಸ್ ಸ್ಥಾವರಗಳಿಗೆ ಸಹಾಯಧನ ದೊರೆಯಿತು. 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯ ಹೆಸರನ್ನು ಹಿರಿಯ ಓದುಗರು ಬಲ್ಲರು. ಆದರೆ ಗೋಬರ್ ಗ್ಯಾಸಿಗೆ ದನಗಳು ಬೇಕು, ಸುಧಾರಿತ ಒಲೆಗೂ ಕಟ್ಟಿಗೆ ಬೇಕು. ಎರಡೂ ಇಲ್ಲದವರಿಗೆ ಪಡಿತರ ಅಂಗಡಿಯ ಸೀಮೆಎಣ್ಣೆಯೇ ಆಸರೆಯಾಗಿತ್ತು. ನಮ್ಮ ಕಡೆ ಅದನ್ನು ಚಿಮಣಿ ಎಣ್ಣೆ ಎಂದೇ ಕರೆದೆವು.

ಚಿಮಣಿ ಎಣ್ಣೆಗೆ ಒಂದು ಗುಣವಿತ್ತು. ಸಹಾಯಧನವು ಅದರ ಬೆಲೆಯಲ್ಲೇ ಅಡಗಿತ್ತು. ಬಡವನು ಕಡಿಮೆ ಬೆಲೆ ಕೊಟ್ಟು ಕ್ಯಾನು ತುಂಬಿಸಿಕೊಂಡು ಮನೆಗೆ ಹೋಗುತ್ತಿದ್ದನು. ಬ್ಯಾಂಕಿನ ಮಾತೇ ಇರಲಿಲ್ಲ. ಆದರೆ ಅದಕ್ಕೊಂದು ದೊಡ್ಡ ದೋಷವೂ ಇತ್ತು. ಬಡವರ ಹೆಸರಿನ ಅಗ್ಗದ ಎಣ್ಣೆ ಕಾಳಸಂತೆಗೆ ಹರಿದು ಡೀಸೆಲ್ಲಿನೊಡನೆ ಬೆರೆಯಿತು. ಇಂಡಿಯನ್ ಆಯಿಲ್ ಸಂಸ್ಥೆಯ ಯುವ ಅಧಿಕಾರಿ, ನಮ್ಮ ಕೋಲಾರ ಚಿನ್ನದ ಗಣಿ ಪ್ರದೇಶದ ಮಂಜುನಾಥ ಷಣ್ಮುಗಂ, ಇಂಧನ ಕಲಬೆರಕೆಯ ವಿರುದ್ಧ ನಿಂತುದಕ್ಕಾಗಿ 2005ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕೊಲೆಯಾದರು. ಬಡವರ ಸಹಾಯಧನವನ್ನು ಕದಿಯುವ ವ್ಯವಹಾರ ಎಷ್ಟು ಕ್ರೂರವಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? 2016ರ ಜುಲೈಯಿಂದ ಪಡಿತರ ಸೀಮೆಎಣ್ಣೆಯ ದರವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋಗಿ 2020ರಲ್ಲಿ ಅದರ ಸಹಾಯಧನವನ್ನು ನಿಲ್ಲಿಸಲಾಯಿತು.

ಅಷ್ಟರಲ್ಲಿ ಅಡುಗೆ ಅನಿಲದ ಪದ್ಧತಿ ಬದಲಾಗಿತ್ತು. ಪಹಲ್ ಯೋಜನೆಯಡಿ 2015ರ ಜನವರಿ 1ರಿಂದ ದೇಶದಾದ್ಯಂತ ಸಿಲಿಂಡರಿಗೆ ಪೂರ್ಣ ಬೆಲೆ ತೆತ್ತು, ಸಹಾಯಧನವನ್ನು ಬ್ಯಾಂಕ್ ಖಾತೆಯಲ್ಲಿ ಪಡೆಯುವ ಕ್ರಮ ಬಂದಿತು. 2016ರ ಮೇ 1ರಂದು ಆರಂಭವಾದ ಪ್ರಧಾನಮಂತ್ರಿ ಉಜ್ವಲಾ ಯೋಜನೆಯು ಬಡ ಕುಟುಂಬದ ಮಹಿಳೆಯ ಹೆಸರಿನಲ್ಲಿ ಠೇವಣಿಯಿಲ್ಲದೆ ಅನಿಲ ಸಂಪರ್ಕ ಕೊಟ್ಟಿತು. ಅದರ ವ್ಯಾಪ್ತಿಗೆ ಬಾರದ ಬಡ ಕುಟುಂಬಗಳಿಗಾಗಿ ಕರ್ನಾಟಕ ಸರಕಾರವು 2017ರಲ್ಲಿ ಮುಖ್ಯಮಂತ್ರಿ ಅನಿಲ ಭಾಗ್ಯ ಯೋಜನೆಯನ್ನು ಘೋಷಿಸಿತು. 2025ರ ಜುಲೈ ಹೊತ್ತಿಗೆ ಉಜ್ವಲಾ ಸಂಪರ್ಕಗಳ ಸಂಖ್ಯೆ 10 ಕೋಟಿ 33 ಲಕ್ಷ ಮುಟ್ಟಿತ್ತು. ಇದು ಸಣ್ಣ ಸಾಧನೆಯಲ್ಲ. ನ್ಯಾಯಪ್ರಜ್ಞೆಯುಳ್ಳ ಯಾರೂ ಇದನ್ನು ಅಲ್ಲಗಳೆಯಲಾರರು.

ಮುನ್ನೂರು ರೂಪಾಯಿಯ ಕೈಗಡ

ಆದರೆ ಸಂಪರ್ಕ ಬೇರೆ, ಬಳಕೆ ಬೇರೆ. ಉಜ್ವಲಾ ಕುಟುಂಬವೊಂದು 2019-20ರಲ್ಲಿ ವರ್ಷಕ್ಕೆ ಸರಾಸರಿ ಸುಮಾರು 3 ಸಿಲಿಂಡರ್ ಮಾತ್ರ ತುಂಬಿಸಿಕೊಂಡಿತ್ತು. 2024-25ರಲ್ಲಿ ಈ ಸರಾಸರಿ 4.47ಕ್ಕೆ ಏರಿತು. 2025-26ನೇ ಸಾಲಿಗೆ ಸರಕಾರವು ವರ್ಷಕ್ಕೆ 9 ಸಿಲಿಂಡರುಗಳವರೆಗೆ ತಲಾ 300 ರೂಪಾಯಿ ಸಹಾಯಧನವನ್ನು ಮಂಜೂರು ಮಾಡಿತು. ಅಂದರೆ ಸರಕಾರವೇ ಕೊಡಲು ಸಿದ್ಧವಿರುವ ನೆರವಿನ ಅರ್ಧದಷ್ಟನ್ನೂ ಸರಾಸರಿ ಬಡ ಕುಟುಂಬ ಬಳಸಿಕೊಳ್ಳುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಕಟ್ಟಿಗೆಯ ಒಲೆಯೇ ಗತಿ.

ಇದಕ್ಕೆ ಕೆಲವರು ಸುಲಭದ ಉತ್ತರ ಕೊಡುತ್ತಾರೆ: “ಹಳ್ಳಿಯ ಹೆಣ್ಣುಮಕ್ಕಳಿಗೆ ಗ್ಯಾಸಿನ ಮೇಲಿನ ರೊಟ್ಟಿ ರುಚಿಸುವುದಿಲ್ಲ.” ರುಚಿಯ ಮಾತಿನಲ್ಲಿ ಸ್ವಲ್ಪ ಸತ್ಯವಿರಬಹುದು. ಆದರೆ ಪೇಟೆಯಲ್ಲಿ ಗ್ಯಾಸಿನ ಮೇಲೆಯೇ ರೊಟ್ಟಿ ಬಡಿಯುವ ಸಾವಿರಾರು ಮನೆಗಳಿಗೆ ಈ ಅಡ್ಡಿ ಏಕೆ ಬರಲಿಲ್ಲ? ಲೆಕ್ಕ ಹಾಕಿ ನೋಡೋಣ. 2025ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ 14.2 ಕಿಲೋ ಸಿಲಿಂಡರಿನ ಬೆಲೆ 853 ರೂಪಾಯಿ. ಉಜ್ವಲಾ ಫಲಾನುಭವಿಗೆ ಸಹಾಯಧನ ಕಳೆದು 553 ರೂಪಾಯಿ. ಸಾಗಣೆ ವೆಚ್ಚಕ್ಕೆ ತಕ್ಕಂತೆ ಈ ಬೆಲೆ ಊರಿಂದೂರಿಗೆ ತುಸು ಬದಲಾಗುತ್ತದೆ. ಕಾಗದದ ಮೇಲೆ ಆಕೆಯ ಬೆಲೆ 553. ಆದರೆ ಸಿಲಿಂಡರ್ ಪಡೆಯುವ ದಿನ ಕೈಯಲ್ಲಿರಬೇಕಾದದ್ದು 853. ಅದೇ 2025-26ರಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕದಲ್ಲಿ ನಿಗದಿಯಾದ ದಿನಗೂಲಿ 370 ರೂಪಾಯಿ. ಎರಡು ದಿನಗಳ ಕೂಲಿಗಿಂತ ಹೆಚ್ಚಿನ ಹಣವನ್ನು ಒಂದೇ ಗಂಟಿನಲ್ಲಿ ತೆರಬೇಕು. ಸಹಾಯಧನದ 300 ರೂಪಾಯಿ ಖಾತೆಗೆ ಜಮಾ ಆಗುವುದು ಆಮೇಲೆ.

ನಮ್ಮ ಭಾಷೆಯಲ್ಲಿ ಇದಕ್ಕೊಂದು ಸರಿಯಾದ ಪದವಿದೆ: ಕೈಗಡ. ನೆರವು ನೀಡುವ ಸರಕಾರಕ್ಕೆ ನೆರವು ಬೇಕಾದವಳೇ ಮೊದಲು 300 ರೂಪಾಯಿ ಕೈಗಡ ಕೊಡುತ್ತಾಳೆ. ಸಂಬಳದಾರನಿಗೆ ಇದು ಲೆಕ್ಕಕ್ಕೇ ಬಾರದ ಸಂಗತಿ. ಸಂತೆಯ ದಿನ ಕೂಲಿ ಎಣಿಸಿಕೊಂಡು ಜೋಳ, ಎಣ್ಣೆ, ಮಗುವಿನ ಔಷಧಿ ಕೊಳ್ಳುವವಳಿಗೆ ಆ 300 ರೂಪಾಯಿಯೇ ಗ್ಯಾಸು ಮತ್ತು ಜಾಲಿಯ ನಡುವಿನ ಗೋಡೆ. ಉಜ್ವಲಾದ ಮೊದಲ ವರ್ಷಗಳಲ್ಲಿ ಸ್ಟೌ ಮತ್ತು ಮೊದಲ ಸಿಲಿಂಡರಿನ ಹಣವನ್ನು ಸಾಲವಾಗಿ ಪಡೆದವರ ಸಹಾಯಧನವು ಆ ಸಾಲಕ್ಕೇ ಜಮೆಯಾಗುತ್ತಿತ್ತು. ಅವರು ಪೂರ್ಣ ಬೆಲೆಯನ್ನೇ ತೆರಬೇಕಾಯಿತು.

ಕಳ್ಳತನವನ್ನು ತಡೆಯಲು ಈ ಕ್ರಮ ಬಂದಿತೆಂಬುದು ನಿಜ. ಆದರೆ ಕಳ್ಳರು ಮಾಡಿದ ತಪ್ಪಿನ ಹೊರೆಯನ್ನು ಬಡವಳು ಹೊರುವುದು ಎಷ್ಟು ಸರಿ? ಚಿಮಣಿ ಎಣ್ಣೆಯ ಕಾಲದಲ್ಲಿ ಕ್ಯಾನು ಹಿಡಿದು ನಿಂತವನು ಯಾರೆಂದು ಗುರುತಿಸುವುದು ಕಷ್ಟವಾಗಿತ್ತು. ಇಂದು ಆಧಾರ್ ಜೋಡಣೆಯಾಗಿದೆ, ಬೆರಳಚ್ಚು ಅಥವಾ ಮುಖಚಹರೆಯಿಂದ ದೃಢೀಕರಣವೂ ನಡೆಯುತ್ತದೆ. ಗುರುತು ಖಚಿತವಾದ ಮೇಲೆ ಆಕೆಯಿಂದ ಸಹಾಯಧನ ಕಳೆದ ಬೆಲೆಯನ್ನು ಮಾತ್ರ ಪಡೆದು, ಉಳಿದುದನ್ನು ಸರಕಾರವೂ ವಿತರಕನೂ ತಮ್ಮೊಳಗೇ ಬಗೆಹರಿಸಿಕೊಳ್ಳಲು ಅಡ್ಡಿಯೇನು? ಮುಂಗಡ ಕೊಡುವುದು ಅಸಾಧ್ಯವೂ ಅಲ್ಲ. 2014-15ರಲ್ಲಿ ಪಹಲ್ ಸೇರಿದ ಗ್ರಾಹಕರಿಗೆ 568 ರೂಪಾಯಿ ಒಂದು ಬಾರಿಯ ಮುಂಗಡ ದೊರೆತಿತ್ತು. 2020ರ ಕೊರೋನಾ ಸಂಕಟದಲ್ಲಿ ಉಜ್ವಲಾ ಕುಟುಂಬಗಳಿಗೆ ಉಚಿತ ಸಿಲಿಂಡರ್ ಕೊಟ್ಟಾಗ ಹಣವು ಮೊದಲೇ ಖಾತೆಗೆ ಬಂದಿತ್ತು. ಸಂಕಟಕಾಲದಲ್ಲಿ ಆದದ್ದು ಸಾಮಾನ್ಯ ಕಾಲದಲ್ಲಿ ಏಕೆ ಆಗಬಾರದು?

ದೂರ ಎಂದರೇನು?

ತತ್ತ್ವಶಾಸ್ತ್ರದಲ್ಲಿ ಯಾವುದೇ ವಾದಕ್ಕೆ ಮೊದಲು ಪದದ ಅರ್ಥವನ್ನು ನಿಶ್ಚಯಿಸಿಕೊಳ್ಳುವ ಪದ್ಧತಿಯಿದೆ. ‘ದೂರದ ಪ್ರದೇಶ’ ಎಂದರೆ ಯಾವುದು? ಕೇಂದ್ರ ಸರಕಾರವು 2002ರಲ್ಲಿ ದೂರದ ಪ್ರದೇಶಗಳಿಗೆ ಇಂಧನದ ಸಾಗಣೆ ವೆಚ್ಚದ ಸಹಾಯಧನ ಯೋಜನೆಯನ್ನು ತಂದಿತು. ಹಿಮಾಲಯದ ರಾಜ್ಯಗಳು, ಈಶಾನ್ಯ ಭಾಗ, ಅಂಡಮಾನ್, ಲಕ್ಷದ್ವೀಪಗಳು ಅದರಲ್ಲಿ ಸೇರಿದವು. ಅದು ಯೋಗ್ಯವೇ. ಆದರೆ ನಕಾಶೆಯಲ್ಲಿ ಬಾದಾಮಿ ತಾಲ್ಲೂಕು ದೂರದ ಪ್ರದೇಶವಲ್ಲ; ಅಲ್ಲಿ ರೈಲಿದೆ, ಪ್ರವಾಸಿಗರ ಬಸ್ಸುಗಳಿವೆ. ಹಾಗಿದ್ದರೂ ಗುಡ್ಡದಾಚೆಯ ತಾಂಡಾದಿಂದ ಖಾಲಿ ಸಿಲಿಂಡರನ್ನು ಹೊತ್ತು ಗೋದಾಮಿಗೆ ಬರಬೇಕಾದವರಿಗೆ ಅದು ದೂರವೇ. ವಾಹನದ ಬಾಡಿಗೆಯ ಜೊತೆಗೆ ಒಂದು ದಿನದ ಕೂಲಿಯೂ ಹೋಗುತ್ತದೆ. ಹಳ್ಳಿಗಳಿಗಾಗಿ 2009ರಲ್ಲಿ ಬಂದ ರಾಜೀವ್ ಗಾಂಧಿ ಗ್ರಾಮೀಣ ಎಲ್‌ಪಿಜಿ ವಿತರಕ ಯೋಜನೆಯ ಸಣ್ಣ ಏಜೆನ್ಸಿಗಳಲ್ಲಿಯೂ ಮನೆಬಾಗಿಲಿಗೆ ತಲುಪಿಸುವ ಕಡ್ಡಾಯ ಮೊದಲಿಗೆ ಇರಲಿಲ್ಲ.

ಗುಳೆ ಹೋಗುವವರ ಪಾಡು ಇನ್ನೂ ಬೇರೆ. ನಮ್ಮ ಜಿಲ್ಲೆಯಿಂದ ಗೋವಾ, ಮಂಗಳೂರು, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಹೋದ ಕುಟುಂಬಕ್ಕೆ ಸಿಲಿಂಡರ್ ಪುಸ್ತಕ ಊರಲ್ಲಿ, ಒಲೆ ಶೆಡ್ಡಿನ ಮುಂದೆ.

ನ್ಯಾಯವೆಂದರೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚುವುದಲ್ಲ, ಅವರವರಿಗೆ ಸಲ್ಲತಕ್ಕದ್ದನ್ನು ತಕ್ಕ ಪ್ರಮಾಣದಲ್ಲಿ ಹಂಚುವುದು ಎಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ವಿವರಿಸಿದನು. 300 ರೂಪಾಯಿ ಎಲ್ಲ ಫಲಾನುಭವಿಗಳಿಗೂ ಸಮನಾಗಿದೆ. ಆದರೆ ಏಜೆನ್ಸಿಯ ಪಕ್ಕದ ಓಣಿಯವಳಿಗೂ ತಾಂಡಾದವಳಿಗೂ ಅದರ ಬೆಲೆ ಸಮನಲ್ಲ. ಸಹಾಯಧನವನ್ನು ಅಳೆಯಬೇಕಾದದ್ದು ಕೊಟ್ಟ ಹಣದಿಂದಲ್ಲ, ಉರಿದ ಒಲೆಯಿಂದ.

ನಮ್ಮಿಂದ ಆಗುವುದೇನು?

ನೀತಿಯನ್ನು ಬದಲಿಸುವುದು ಸರಕಾರದ ಕೆಲಸ; ಅದನ್ನು ಕೇಳುವುದು ನಮ್ಮ ಕೆಲಸ. ಅದರ ಜೊತೆಗೆ ಇಂದೇ ಮಾಡಬಹುದಾದ ಕೆಲವು ಸಂಗತಿಗಳಿವೆ.

ಮೊದಲನೆಯದು, ತಿಳಿವಳಿಕೆ. 2021ರ ಆಗಸ್ಟ್ 10ರಂದು ಆರಂಭವಾದ ಉಜ್ವಲಾದ ಎರಡನೆಯ ಹಂತದಲ್ಲಿ ವಲಸೆ ಕುಟುಂಬಗಳಿಗೆ ವಿಳಾಸದ ದಾಖಲೆಯ ಬದಲು ಸ್ವಯಂಘೋಷಣೆ ಸಾಕೆಂದು ಸರಕಾರ ತೀರ್ಮಾನಿಸಿತು. ಗುಳೆ ಹೋಗುವ ಎಷ್ಟು ಕುಟುಂಬಗಳಿಗೆ ಈ ಮಾತನ್ನು ಯಾರಾದರೂ ತಿಳಿಸಿದ್ದಾರೆ? ಹಾಗೆಯೇ, ಉಜ್ವಲಾದಲ್ಲಿ 14.2 ಕಿಲೋ ಸಿಲಿಂಡರಿನ ಬದಲು 5 ಕಿಲೋ ಸಿಲಿಂಡರನ್ನು ಪಡೆಯುವ ಅವಕಾಶವೂ ಇದೆ. ತೂಕಕ್ಕೆ ತಕ್ಕಂತೆ ಬೆಲೆ, ಪ್ರಮಾಣಕ್ಕೆ ತಕ್ಕಂತೆ ಸಹಾಯಧನ. ಒಂದೇ ಗಂಟಿನಲ್ಲಿ ದೊಡ್ಡ ಹಣ ಹೊಂದಿಸಲಾಗದವರಿಗೆ, ಹೆಗಲ ಮೇಲೆ ಹೊತ್ತು ತರುವವರಿಗೆ ಇದು ಅನುಕೂಲ.

ಎರಡನೆಯದು, ಕಾಗದಪತ್ರ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲದಿದ್ದರೆ, ಇ-ಕೆವೈಸಿ ಬಾಕಿಯಿದ್ದರೆ, ಸಹಾಯಧನಕ್ಕೆ ತಡೆ ಬೀಳಬಹುದು. ಅಕ್ಷರ ಬಲ್ಲ ನಮ್ಮ ಯುವಕ ಯುವತಿಯರು ವಾರಕ್ಕೊಂದು ಸಂಜೆ ನೆರೆಯ ಅಕ್ಕಂದಿರ ಪಾಸ್‌ಪುಸ್ತಕ ನೋಡಿ, ಹಣ ಬಂದಿದೆಯೋ ಇಲ್ಲವೋ ಎಂದು ತಿಳಿಸಿಕೊಟ್ಟರೆ ಅದು ಚಿಕ್ಕ ಸೇವೆಯಲ್ಲ.

ಮೂರನೆಯದು, ಕೈಗಡದ ಹೊರೆಯನ್ನು ಹಂಚಿಕೊಳ್ಳುವುದು. ನಮ್ಮ ಊರುಗಳಲ್ಲಿ ಸ್ತ್ರೀಶಕ್ತಿ ಸಂಘಗಳಿವೆ, ಸ್ವಸಹಾಯ ಸಂಘಗಳಿವೆ. ಸಂಘವು ಒಂದು ಸಣ್ಣ ನಿಧಿಯನ್ನು ತೆಗೆದಿಟ್ಟು, ಸದಸ್ಯೆ ಸಿಲಿಂಡರ್ ಪಡೆಯುವ ದಿನ 300 ರೂಪಾಯಿ ಬಡ್ಡಿಯಿಲ್ಲದೆ ಕೊಟ್ಟು, ಸಹಾಯಧನ ಜಮಾ ಆದ ಕೂಡಲೇ ಮರಳಿ ಪಡೆಯಬಹುದು. ಹತ್ತು ಮನೆಗಳಿಗೆ 3,000 ರೂಪಾಯಿ ಮೂಲಧನ ಸಾಕು. ಅದೇ ಹಣ ವರ್ಷವಿಡೀ ಸುತ್ತುತ್ತಿರುತ್ತದೆ. ಹಬ್ಬದ ಅಲಂಕಾರಕ್ಕೆ ನಮ್ಮಲ್ಲಿ ಅನೇಕರು ಇದಕ್ಕಿಂತ ಹೆಚ್ಚು ವೆಚ್ಚ ಮಾಡುತ್ತೇವೆ.

2015ರಲ್ಲಿ ಆರಂಭವಾದ ಸಹಾಯಧನ ತ್ಯಾಗದ ಅಭಿಯಾನದಲ್ಲಿ ಉಳ್ಳವರಾದ ಒಂದು ಕೋಟಿಗೂ ಹೆಚ್ಚು ಗ್ರಾಹಕರು ತಮ್ಮ ಅನಿಲ ಸಹಾಯಧನವನ್ನು ಬಿಟ್ಟುಕೊಟ್ಟರು. ಬಿಟ್ಟುಕೊಡುವುದು ಮೊದಲ ಹೆಜ್ಜೆ. ಬಿಟ್ಟುಕೊಟ್ಟದ್ದು ತಲುಪಬೇಕಾದವರನ್ನು ತಲುಪಿತೇ ಎಂದು ವಿಚಾರಿಸುವುದು ಎರಡನೆಯ ಹೆಜ್ಜೆ. ಓದುಗ ಬಾಂಧವರೇ, ಈ ವಾರ ನಿಮ್ಮ ಓಣಿಯಲ್ಲಿ ಸಿಲಿಂಡರ್ ಇದ್ದೂ ಹೊಗೆಯಾಡುವ ಮನೆ ಯಾವುದೆಂದು ನೋಡಿರಿ. ಆ ತಾಯಿಗೆ ಉಪದೇಶ ಬೇಕಿಲ್ಲ. ಸಿಲಿಂಡರ್ ತುಂಬಿಸುವ ದಿನ ಎಷ್ಟು ರೂಪಾಯಿ ಕಡಿಮೆ ಬೀಳುತ್ತದೆಂದು ಕೇಳಿರಿ.