ಹತ್ತಕ್ಕೆ ನಿಮಗೆ ನೀವೇ ಎಷ್ಟು ಕೊಡ್ತೀರಿ?

ಕ್ಯಾಂಪಸ್ ಸಂದರ್ಶನ ಮುಗಿಸಿ ಹೊರಬಂದ ಸೀನಿಯರ್‌ಗಳನ್ನು ‘ಏನು ಕೇಳಿದ್ರು?’ ಎಂದು ಮುತ್ತಿಕೊಳ್ಳುವುದು ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಇರುವ ವಾಡಿಕೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆದರೆ ಒಂದು ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಎಲ್ಲರ ಬಾಯಲ್ಲೂ ಬರುತ್ತದೆ: ‘ಪೈಥಾನ್‌ನಲ್ಲಿ ಹತ್ತಕ್ಕೆ ನಿಮಗೆ ನೀವೇ ಎಷ್ಟು ಅಂಕ ಕೊಟ್ಟುಕೊಳ್ಳುತ್ತೀರಿ?’ ಪೈಥಾನ್ ಜಾಗದಲ್ಲಿ ಸಿ, ಜಾವಾ, ಆಟೊಕ್ಯಾಡ್, ಕೊನೆಗೆ ಇಂಗ್ಲಿಷ್ ಭಾಷೆಯೂ ಇರಬಹುದು.

ಎಂಟು ಎಂದರೆ ಎಂಟರ ಮಟ್ಟದ ಪ್ರಶ್ನೆಯೇ ಬೀಳುತ್ತದೆ. ನಾಲ್ಕು ಎಂದರೆ ಮುಂದಿನ ಅಭ್ಯರ್ಥಿಯನ್ನು ಕರೆಯುತ್ತಾರೆ ಎಂಬ ಭಯ. ‘ಏಳು ಅಂದ್ಬಿಡು ಮಾರಾಯ, ಸೇಫ್’ ಎನ್ನುವುದು ಹಾಸ್ಟೆಲ್‌ನಲ್ಲಿ ಸಿಗುವ ಸಲಹೆ. ಆ ಏಳು ಎಲ್ಲಿಂದ ಬಂತು ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ. ಇರುವುದಾದರೂ ಹೇಗೆ? ಒಂದನೇ ತರಗತಿಯಿಂದ ಬಿ.ಇ.ವರೆಗೆ ನಮಗೆ ಅಂಕ ಕೊಟ್ಟವರೆಲ್ಲ ಬೇರೆಯವರು. ನಮ್ಮ ಕೆಲಸವನ್ನು ನಾವೇ ಅಳೆಯುವುದನ್ನು ಯಾವ ಪೀರಿಯಡ್‌ನಲ್ಲೂ ಕಲಿಸಿಲ್ಲ. ಆದರೆ ನೌಕರಿಯ ಬಾಗಿಲಲ್ಲಿ ಮೊದಲು ಕೇಳುವುದೇ ಅದನ್ನು!

ನಮ್ಮ ಬ್ರ್ಯಾಂಚಿನಲ್ಲಿ ಒಬ್ಬ ಸೀನಿಯರ್ ಅಕ್ಕ ಇದ್ದರು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಡಿಪ್ಲೊಮಾ, ಅಲ್ಲಿಂದ ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಎರಡನೇ ವರ್ಷದ ಬಿ.ಇ.ಗೆ ಬಂದವರು. ಲ್ಯಾಬ್‌ನಲ್ಲಿ ಪ್ರೋಗ್ರಾಮ್ ಓಡದಿದ್ದರೆ ಎಲ್ಲರೂ ಹೋಗುತ್ತಿದ್ದುದು ಅವರ ಬಳಿಗೇ. ಸಂದರ್ಶನದಲ್ಲಿ ಅವರು ತಮಗೆ ಕೊಟ್ಟುಕೊಂಡದ್ದು ನಾಲ್ಕು. ಅವರಿಂದ ಹೇಳಿಸಿಕೊಂಡು ಕಲಿತ ಸಹಪಾಠಿ ಅದೇ ದಿನ ‘ಎಂಟು’ ಎಂದ. ಲಿಸ್ಟ್‌ಗೂ ಟ್ಯೂಪಲ್‌ಗೂ ಏನು ವ್ಯತ್ಯಾಸ ಎಂದು ಕೇಳಿದಾಗ ತಡವರಿಸಿದ. ಆ ದಿನ ಇಬ್ಬರಿಗೂ ಕೆಲಸ ಸಿಗಲಿಲ್ಲ.

ಒಬ್ಬರು ತಮ್ಮನ್ನು ಕಡಿಮೆ ತೂಗಿಕೊಂಡರು, ಇನ್ನೊಬ್ಬರು ಹೆಚ್ಚು ತೂಗಿಕೊಂಡರು. ಇಬ್ಬರ ತಕ್ಕಡಿಯೂ ಸರಿ ಇರಲಿಲ್ಲ. ಈ ತಕ್ಕಡಿಯನ್ನು ಸರಿಪಡಿಸುವ ಕೆಲಸ ಆಗಬೇಕಾದದ್ದು ತರಗತಿಯಲ್ಲೇ ಎನ್ನುವುದು ನನ್ನ ವಾದ.

ಓದಿದ್ದೆಲ್ಲ ಗೊತ್ತಿದ್ದಂತೆ

ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸನ್ನು ಮೂರು ಸಲ ತಿರುವಿ ಹಾಕುತ್ತೇವೆ. ಯೂಟ್ಯೂಬ್‌ನಲ್ಲಿ ಯಾರೋ ಲೆಕ್ಕ ಬಿಡಿಸುವುದನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತೇವೆ. ಪ್ರತಿ ಹೆಜ್ಜೆಯೂ ಅರ್ಥವಾಗುತ್ತದೆ. ‘ಗೊತ್ತಲ್ಲ ಇದು’ ಎನಿಸುತ್ತದೆ. ಪರೀಕ್ಷಾ ಕೊಠಡಿಯ ಖಾಲಿ ಹಾಳೆಯ ಮುಂದೆ ಕೂತಾಗ ಮಾತ್ರ ಎರಡನೇ ಹೆಜ್ಜೆಯೇ ಕೈಕೊಡುತ್ತದೆ.

ಇದರ ಮೇಲೆ ಒಂದು ಪ್ರಸಿದ್ಧ ಪ್ರಯೋಗವಿದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಅದನ್ನು ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಅವಧಿ ಬರೀ ಓದಿದರು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರು ಅವಧಿ ಪುಸ್ತಕ ಮುಚ್ಚಿಟ್ಟು ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಬರೀ ಓದಿದವರೇ ಮುಂದೆ. ವಾರದ ನಂತರ ಕೇಳಿದಾಗ ಲೆಕ್ಕ ತಿರುಗಾಮುರುಗಾ ಆಯಿತು: ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ 40, ಬರೆದು ನೋಡಿದವರಿಗೆ ಸುಮಾರು ಶೇ 61. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ‘ವಾರದ ನಂತರ ನಿಮಗೆ ಎಷ್ಟು ನೆನಪಿರುತ್ತದೆ?’ ಎಂದು ಮೊದಲೇ ಕೇಳಿದಾಗ ಹೆಚ್ಚು ಭರವಸೆಯಿಂದ ಇದ್ದವರು ಬರೀ ಓದಿದವರೇ!

ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ, ನಿಜ. ಆದರೆ ಬೆನ್ನಿನ ಹುಣ್ಣಿಗೆ ಬೇಕೇ ಬೇಕು. ನಮಗೇನು ಗೊತ್ತಿಲ್ಲ ಎನ್ನುವುದು ಬೆನ್ನಿನ ಹುಣ್ಣಿನಂಥದ್ದು.

ಬ್ಲೂ ಬುಕ್ಕಿನ ಕೊನೆಯ ಪುಟ

ಮೂರನೇ ಸೆಮಿಸ್ಟರ್‌ನಲ್ಲಿ ನಮಗೆ ‘ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್’ ಹೇಳಿಕೊಟ್ಟ ಮೇಡಂ ಮೊದಲ ಇಂಟರ್ನಲ್ಸ್‌ನಲ್ಲೇ ಒಂದು ಹೊಸ ನಿಯಮ ತಂದರು. ಬ್ಲೂ ಬುಕ್ ಕೊಡುವ ಮುನ್ನ ಕೊನೆಯ ಪುಟದಲ್ಲಿ ಪ್ರತಿ ಪ್ರಶ್ನೆಗೆ ಎಷ್ಟು ಅಂಕ ಬರಬಹುದು ಎಂದು ನಾವೇ ಬರೆಯಬೇಕು. ಯಾಕೆ ಅಷ್ಟು ಎಂದು ಒಂದು ಸಾಲು ಸೇರಿಸಬೇಕು. ‘ಪೇಪರ್ ತಿದ್ದೋದು ನಿಮ್ಮ ಕೆಲಸ ಅಲ್ವಾ ಮೇಡಂ?’ ಎಂದು ಹಿಂದಿನ ಬೆಂಚಿನಿಂದ ದನಿ ಬಂತು. ‘ತಿದ್ದೋದು ನನ್ನ ಕೆಲಸ. ಗೊತ್ತಾಗೋದು ನಿಮ್ಮ ಕೆಲಸ’ ಎಂದರು.

ವಾರದ ನಂತರ ಬ್ಲೂ ಬುಕ್ ವಾಪಸ್ ಬಂದಾಗ ಇನ್ನೊಂದು ಆಶ್ಚರ್ಯ. ಅದರಲ್ಲಿ ಅಂಕವೇ ಇರಲಿಲ್ಲ! ತಪ್ಪಾದ ಕಡೆ ಕೆಂಪು ಗೆರೆ, ಪಕ್ಕದಲ್ಲಿ ನಾಲ್ಕಾರು ಮಾತು ಮಾತ್ರ. ಅಂಕ ಮರುದಿನ ಹೇಳುತ್ತೇನೆ ಎಂದರು.

ನನ್ನ ಪಕ್ಕ ಕೂರುವ ಗೆಳೆಯನ ಒಂದು ಲೆಕ್ಕ ಹೇಳುತ್ತೇನೆ. ಆರು ಮೀಟರ್ ಉದ್ದದ ಬೀಮ್, ಎರಡೂ ತುದಿಗೆ ಆಸರೆ. ಎಡಗಡೆಯ ನಾಲ್ಕು ಮೀಟರ್ ಮೇಲೆ ಮೀಟರಿಗೆ 10 ಕಿಲೋನ್ಯೂಟನ್‌ನಂತೆ ಸಮನಾಗಿ ಹರಡಿದ ಭಾರ, ಒಟ್ಟು 40 ಕಿಲೋನ್ಯೂಟನ್. ಎರಡು ಆಸರೆಗಳು ಎಷ್ಟೆಷ್ಟು ಹೊರುತ್ತವೆ? ಗೆಳೆಯನ ಉತ್ತರ: ಎಡಕ್ಕೆ 13.33, ಬಲಕ್ಕೆ 26.67. ಕೂಡಿದರೆ ಸರಿಯಾಗಿ 40. ಅವನು ತನಗೆ ತಾನೇ ಹತ್ತಕ್ಕೆ ಒಂಬತ್ತು ಬರೆದುಕೊಂಡಿದ್ದ. ಕಾರಣವೂ ಬರೆದಿದ್ದ: ‘ಮೊತ್ತ ತಾಳೆಯಾಗಿದೆ.’

ಮೇಡಂ ಪಕ್ಕದಲ್ಲಿ ಬರೆದದ್ದು ಇಷ್ಟೇ: ‘ಇಬ್ಬರು ಕೋಲಿಗೆ ಮೂಟೆ ಕಟ್ಟಿ ಹೊತ್ತಿದ್ದಾರೆ. ಮೂಟೆ ಎಡಕ್ಕಿದೆ. ಯಾರ ಹೆಗಲಿಗೆ ಹೆಚ್ಚು ಭಾರ?’

ಅವನು ಅರ್ಧ ನಿಮಿಷ ನೋಡಿ ಹಣೆ ಚಚ್ಚಿಕೊಂಡ. ಹರಡಿದ ಭಾರವನ್ನು ಅದರ ನಡುವೆ, ಅಂದರೆ ಎಡತುದಿಯಿಂದ ಎರಡು ಮೀಟರ್ ದೂರದಲ್ಲಿ ಹಿಡಿಯಬೇಕಿತ್ತು. ಅವನು ಅದು ಮುಗಿಯುವ ನಾಲ್ಕು ಮೀಟರ್ ಬಳಿ ಹಿಡಿದಿದ್ದ. ಎರಡು ಉತ್ತರಗಳು ಅದಲು ಬದಲಾಗಿದ್ದವು, ಹಾಗಾಗಿ ಮೊತ್ತ ತಾಳೆಯಾದರೂ ತಪ್ಪು ಸಿಕ್ಕಿಬೀಳಲಿಲ್ಲ. ಬ್ಲೂ ಬುಕ್ಕಿನಲ್ಲಿ ‘4’ ಎಂದು ಮಾತ್ರ ಇದ್ದಿದ್ದರೆ ಅವನು ಅದನ್ನು ಮಡಚಿ ಬ್ಯಾಗಿಗೆ ಹಾಕಿ ಕ್ಯಾಂಟೀನ್‌ಗೆ ಹೋಗುತ್ತಿದ್ದ. ಆ ಒಂದು ಸಾಲು ಅವನಿಗೆ ಮುಂದಿನ ಎಲ್ಲ ಬೀಮ್‌ಗಳಿಗೂ ಆಗುವ ಪರೀಕ್ಷೆಯೊಂದನ್ನು ಕೊಟ್ಟಿತು. ಈಗ ಅವನು ಯಾವ ಲೆಕ್ಕ ಬಿಡಿಸಿದರೂ ಮೊದಲು ಕೇಳುವುದು ‘ಮೂಟೆ ಯಾವ ಕಡೆ?’

ಅದೇ ದಿನ ಇದಕ್ಕೆ ವಿರುದ್ಧವಾದದ್ದನ್ನೂ ಕಂಡೆ. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿಯೊಬ್ಬಳು ತನಗೆ ಮೂರು ಬರೆದುಕೊಂಡಿದ್ದಳು. ಬಂದದ್ದು ಎಂಟು. ಮೂರಕ್ಕೂ ಎಂಟಕ್ಕೂ ನಡುವಿನ ಆ ಐದು ಅಂಕ ಆಕೆಯ ಓದಿನ ಕೊರತೆಯಲ್ಲ, ಧೈರ್ಯದ ಕೊರತೆ. ಅದು ಅವಳಿಗೂ ಮೇಡಂಗೂ ಒಟ್ಟಿಗೇ ಕಂಡಿತು.

ಅಂಕ ಮುಚ್ಚಿಟ್ಟು ಮಾತು ಮಾತ್ರ ಕೊಡುವುದಕ್ಕೂ ಆಧಾರವಿದೆ. ಇಸ್ರೇಲಿನ ಸಂಶೋಧಕಿ ರುತ್ ಬಟ್ಲರ್ 1988ರಲ್ಲಿ ಶಾಲಾ ಮಕ್ಕಳ ಮೇಲಿನ ಅಧ್ಯಯನವೊಂದನ್ನು ಪ್ರಕಟಿಸಿದರು. ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಇನ್ನು ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದವರು ಟಿಪ್ಪಣಿ ಮಾತ್ರ ಪಡೆದವರು. ಎರಡನ್ನೂ ಪಡೆದವರಿಗೆ ಟಿಪ್ಪಣಿಯಿಂದ ಆ ಲಾಭ ಸಿಗಲಿಲ್ಲ. ಅಂಕ ಕಂಡೊಡನೆ ನಾವೂ ‘ನಿಂದೆಷ್ಟು?’ ಎಂದು ಪಕ್ಕದವನ ಕಡೆ ತಿರುಗುತ್ತೇವಲ್ಲ, ಹಾಗೆ!

ಕೈಯಲ್ಲೇ ಇರುವ ಪಟ್ಟಿ

ವಿಟಿಯುನ 2022ರ ಸ್ಕೀಮ್‌ನಲ್ಲಿ ಒಂದು ವಿಷಯದ 100 ಅಂಕದಲ್ಲಿ 50 ಕಾಲೇಜಿನೊಳಗಿನ ಸಿಐಇಗೆ, 50 ಸೆಮಿಸ್ಟರ್ ಪರೀಕ್ಷೆಗೆ. ಸಿಐಇಯಲ್ಲಿ ಕನಿಷ್ಠ 20 ಬಾರದಿದ್ದರೆ ಸೆಮಿಸ್ಟರ್ ಪರೀಕ್ಷೆಗೇ ಕೂರುವಂತಿಲ್ಲ. ಸಿಐಇಯ ಉದ್ದೇಶ ಕಲಿಕೆಯ ನಡುವೆ ತಿದ್ದಿಕೊಳ್ಳುವುದು. ಆದರೆ ನಮ್ಮಲ್ಲಿ ಅನೇಕರಿಗೆ ಅದು ದಾಟಬೇಕಾದ ಗೇಟು ಮಾತ್ರ. ಗೇಟು ದಾಟಿದ ಮೇಲೆ ಬ್ಲೂ ಬುಕ್ಕನ್ನು ಯಾರೂ ತೆರೆಯುವುದಿಲ್ಲ.

ಪ್ರಶ್ನೆಪತ್ರಿಕೆಯ ಬಲಗಡೆ ‘ಸಿಒ2’, ‘ಎಲ್3’ ಎಂದೆಲ್ಲ ಇರುವುದನ್ನು ನೋಡಿರುತ್ತೀರಿ. ಸಿಒ ಎಂದರೆ ಕೋರ್ಸ್ ಮುಗಿದಾಗ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು ಎಂಬುದರ ಪಟ್ಟಿ. ಎಲ್ ಎಂದರೆ ಬ್ಲೂಮ್ ಅವರ ವರ್ಗೀಕರಣದ ಮಟ್ಟ: ನೆನಪಿಡುವುದು, ಅರ್ಥ ಮಾಡಿಕೊಳ್ಳುವುದು, ಅನ್ವಯಿಸುವುದು, ವಿಶ್ಲೇಷಿಸುವುದು, ಮೌಲ್ಯಮಾಪನ ಮಾಡುವುದು, ಹೊಸದನ್ನು ಸೃಷ್ಟಿಸುವುದು. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯ ಆದಾಗಿನಿಂದ ಎನ್‌ಬಿಎ ಮಾನ್ಯತೆಗೆ ಇವೆಲ್ಲ ಇನ್ನಷ್ಟು ಮುಖ್ಯವಾದವು. ಇವನ್ನು ಫೈಲಿಗಾಗಿ ಬರೆಯುತ್ತಾರೆ ಎಂದೇ ನಾವು ನಂಬಿದ್ದೇವೆ. ಆದರೆ ಸ್ವಮೌಲ್ಯಮಾಪನಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟಿ ಇನ್ನೆಲ್ಲಿದೆ? ಸಿಲಬಸ್ ತೆರೆದು ಪ್ರತಿ ಸಿಒ ಎದುರು ‘ನೋಡದೆ ಮಾಡಬಲ್ಲೆ’, ‘ನೋಡಿಕೊಂಡು ಮಾಡಬಲ್ಲೆ’, ‘ಬರುವುದಿಲ್ಲ’ ಎಂದು ಮೂರರಲ್ಲಿ ಒಂದನ್ನು ಬರೆದು ನೋಡಿ. ಹತ್ತು ನಿಮಿಷದ ಕೆಲಸ.

ಸೆಮಿಸ್ಟರ್ ಪರೀಕ್ಷೆಯ ಉತ್ತರ ಪತ್ರಿಕೆಯೂ ನಮ್ಮ ಕೈಗೆ ಎಟುಕುವಂಥದ್ದೇ. ಅಭ್ಯರ್ಥಿ ತನ್ನ ತಿದ್ದಿದ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಬಹುದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ, ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ನಡುವಿನ ಪ್ರಕರಣದಲ್ಲಿ ಹೇಳಿದೆ. ವಿಟಿಯು ಕೂಡ ಶುಲ್ಕ ಪಡೆದು ಪ್ರತಿ ಕೊಡುತ್ತದೆ. ನಾವು ಅದನ್ನು ತರಿಸುವುದು ಮರುಮೌಲ್ಯಮಾಪನದಲ್ಲಿ ನಾಲ್ಕು ಅಂಕ ಏರೀತೇ ಎಂದು ನೋಡಲು ಮಾತ್ರ. ಬ್ಯಾಕ್‌ಲಾಗ್ ಇರುವವರಿಗೆ ಅದು ಅದಕ್ಕಿಂತ ದೊಡ್ಡ ಉಪಕಾರ ಮಾಡಬಲ್ಲದು: ಎಲ್ಲಿ ಎಡವಿದೆವು ಎಂದು ತೋರಿಸುತ್ತದೆ.

ತಡವಾಗಿ ಬರುವ ಫಾರಂ

ಫೀಡ್‌ಬ್ಯಾಕ್ ಎಂದರೆ ನಮಗೆ ನೆನಪಾಗುವುದು ಸೆಮಿಸ್ಟರ್ ಕೊನೆಗೆ ತುಂಬುವ ಆನ್‌ಲೈನ್ ಫಾರಂ. ಪಾಠ ಮುಗಿದ ಮೇಲೆ ಪಾಠ ಹೇಗಿತ್ತು ಎಂದು ಕೇಳುವ ಫಾರಂ ಅದು. ಅದರಿಂದ ಲಾಭವಾದರೆ ಮುಂದಿನ ಬ್ಯಾಚಿಗೆ, ನಮಗಲ್ಲ. ಊಟ ಮುಗಿದ ಮೇಲೆ ಸಾರಿಗೆ ಉಪ್ಪು ಸಾಲದೆಂದರೆ ಏನು ಬಂತು?

ಹಾರ್ವರ್ಡ್‌ನ ಸಂಖ್ಯಾಶಾಸ್ತ್ರಜ್ಞ ಫ್ರೆಡರಿಕ್ ಮೋಸ್ಟೆಲರ್ ಸರಳ ಉಪಾಯವೊಂದನ್ನು ಬಳಸುತ್ತಿದ್ದರು. ತರಗತಿಯ ಕೊನೆಯಲ್ಲಿ ಪ್ರತಿಯೊಬ್ಬರೂ ಇಂದು ಅತಿ ಹೆಚ್ಚು ಗೊಂದಲವಾದದ್ದು ಯಾವುದು ಎಂದು ಚೀಟಿಯಲ್ಲಿ ಬರೆದುಕೊಡಬೇಕು. ನಮ್ಮ ಮೇಡಂ ಕೂಡ ಶನಿವಾರ ಹಾಗೆ ಚೀಟಿ ಪಡೆಯುತ್ತಿದ್ದರು, ಹೆಸರು ಬರೆಯುವಂತಿರಲಿಲ್ಲ. ಕನ್ನಡದಲ್ಲಿ ಬರೆದರೂ ನಡೆಯುತ್ತಿತ್ತು. ‘ಎನಿ ಡೌಟ್ಸ್?’ ಎಂದರೆ ಮೌನವಾಗಿರುವ ತರಗತಿಯಿಂದ ನಲವತ್ತು ಚೀಟಿ ಬಂದವು. ಸೋಮವಾರದ ಮೊದಲ ಹತ್ತು ನಿಮಿಷ ಅವುಗಳಿಗೇ ಮೀಸಲು.

ಎಲ್ಲ ಅಧ್ಯಾಪಕರಿಗೂ ಇದು ಸಾಧ್ಯವೇ? ಅರವತ್ತು ಮಂದಿಯ ತರಗತಿ, ಎರಡು ಸೆಕ್ಷನ್, ಮೇಲೆ ಮಾನ್ಯತೆಯ ಫೈಲುಗಳು. ಪ್ರತಿ ಬ್ಲೂ ಬುಕ್ಕಿಗೆ ಟಿಪ್ಪಣಿ ಬರೆಯಿರಿ ಎನ್ನುವುದು ಹೇಳಿದಷ್ಟು ಸುಲಭವಲ್ಲ. ಆದರೆ ಅಂಕ ಹಂಚಿಕೆಯ ಸ್ಕೀಮನ್ನು ಪರೀಕ್ಷೆಯ ಮರುದಿನ ಗ್ರೂಪ್‌ಗೆ ಹಾಕಬಹುದು. ಅದನ್ನಿಟ್ಟುಕೊಂಡು ನಮ್ಮ ಪತ್ರಿಕೆಯನ್ನು ನಾವು, ಗೆಳೆಯರ ಪತ್ರಿಕೆಯನ್ನು ಗೆಳೆಯರು ನೋಡಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಾಲಾ ಮಕ್ಕಳ ಪ್ರಗತಿ ಪತ್ರದಲ್ಲೇ ಸ್ವಮೌಲ್ಯಮಾಪನ, ಸಹಪಾಠಿಗಳ ಮೌಲ್ಯಮಾಪನ ಇರಬೇಕು ಎನ್ನುತ್ತದೆ. ಶಾಲೆಯ ಮಕ್ಕಳಿಗೆ ಆಗುವುದು ಎಂಜಿನಿಯರ್ ಆಗಹೊರಟ ನಮಗೆ ಆಗದೇ?

ಆ ಸೀನಿಯರ್ ಅಕ್ಕ ಮುಂದಿನ ಕಂಪನಿಯ ಸಂದರ್ಶನದಲ್ಲಿ ಅಂಕಿಯನ್ನೇ ಹೇಳಲಿಲ್ಲವಂತೆ. ‘ಲೂಪ್, ಫಂಕ್ಷನ್, ಫೈಲ್ ಓದುವುದು ಬರೆಯುವುದು ನೋಡದೆ ಮಾಡುತ್ತೇನೆ. ಕ್ಲಾಸ್‌ಗಳನ್ನು ನೋಡಿಕೊಂಡು ಬರೆಯುತ್ತೇನೆ. ಡೇಟಾಬೇಸ್ ಇನ್ನೂ ಕಲಿತಿಲ್ಲ’ ಎಂದರು. ಮುಂದಿನ ಇಪ್ಪತ್ತು ನಿಮಿಷ ಪ್ರಶ್ನೆಗಳು ಅವರಿಗೆ ಗೊತ್ತಿದ್ದ ಜಾಗದಲ್ಲೇ ಸುತ್ತಿದವು. ಅವರಿಗೆ ಕೆಲಸ ಸಿಕ್ಕಿತು. ಅದೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಎಂಟು ಎಂದವನಿಗೂ ನಾಲ್ಕು ಎಂದವರಿಗೂ ಇಲ್ಲದಿದ್ದ ಉತ್ತರ ಅದು ಎನ್ನಬಲ್ಲೆ.

ನಾಳೆ ಸೈಟಿನಲ್ಲೋ ಶಾಪ್ ಫ್ಲೋರ್‌ನಲ್ಲೋ ನಿಂತಾಗ ನಮ್ಮ ಲೆಕ್ಕಕ್ಕೆ ಕೆಂಪು ಗೆರೆ ಎಳೆಯಲು ಯಾರೂ ಇರುವುದಿಲ್ಲ. ತಪ್ಪಿದ್ದರೆ ಬೀಮ್ ಬಾಗಿಯೇ ಹೇಳುತ್ತದೆ. ಹಾಗಾಗಿ ಗೆಳೆಯರೇ, ಮುಂದಿನ ಇಂಟರ್ನಲ್ಸ್‌ನಲ್ಲಿ ಕೊನೆಯ ಎರಡು ನಿಮಿಷ ಉಳಿಸಿಕೊಳ್ಳಿ. ಯಾರೂ ಕೇಳದಿದ್ದರೂ ಪ್ರಶ್ನೆಪತ್ರಿಕೆಯ ಹಿಂದೆ ನಿಮ್ಮ ಅಂದಾಜು ಬರೆದಿಡಿ. ಬ್ಲೂ ಬುಕ್ ಬಂದ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.