ಊಟವಾದ ಮೇಲೆ ಬಂದ ಸುದ್ದಿ

2019ರ ಜನವರಿ 21, ಸೋಮವಾರ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಡಾ. ಶಿವಕುಮಾರ ಸ್ವಾಮೀಜಿಯವರು ಬೆಳಿಗ್ಗೆ 11.44ಕ್ಕೆ ಲಿಂಗೈಕ್ಯರಾದರು. ಆದರೆ ಆ ಸುದ್ದಿ ಅಧಿಕೃತವಾಗಿ ಹೊರಬಿದ್ದದ್ದು ಮಠದ ಸಾವಿರಾರು ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆ. ತಾವು ಹೋದ ವಿಷಯವನ್ನು ಮಕ್ಕಳು ಉಂಡ ನಂತರವೇ ತಿಳಿಸಬೇಕೆಂದು ಅವರೇ ಮೊದಲು ಹೇಳಿದ್ದರಂತೆ. ಬೆಂಗಳೂರಿನ ಮನೆಯಲ್ಲಿ ಟಿ.ವಿ. ಮುಂದೆ ಕುಳಿತಿದ್ದ ನನಗೆ ಇದು ಆಶ್ಚರ್ಯದ ಸಂಗತಿ ಎನಿಸಲಿಲ್ಲ. ಆರು ವರ್ಷ ಆ ಮಠದ ಪಂಕ್ತಿಯಲ್ಲಿ ಕುಳಿತು ಉಂಡವನು ನಾನು.

ಆಶ್ಚರ್ಯವಾದದ್ದು ಪಕ್ಕದಲ್ಲಿ ಕುಳಿತಿದ್ದ ನನ್ನ ಮಗಳಿಗೆ, ಅದೂ ನನ್ನ ಕಣ್ಣೀರನ್ನು ಕಂಡು. ನಾನು ಮಠದ ವಿದ್ಯಾರ್ಥಿಯಾಗಿದ್ದೆ ಎಂಬುದು ಆಕೆಗೆ ಗೊತ್ತೇ ಇರಲಿಲ್ಲ. ಮೂವತ್ತು ವರ್ಷಗಳಲ್ಲಿ ನಾನು ಒಮ್ಮೆಯೂ ಅದನ್ನು ಹೇಳಿರಲಿಲ್ಲ.

1973ರ ಬೇಸಿಗೆಯ ಕೊನೆ. ಪಾವಗಡದ ಕಡೆಯ ನಮ್ಮ ಹಳ್ಳಿಯಲ್ಲಿ ಮಳೆ ಕೈಕೊಟ್ಟಿತ್ತು. ಅಪ್ಪ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಅವ್ವ ನನ್ನನ್ನು ಕರೆದುಕೊಂಡು ಕ್ಯಾತ್ಸಂದ್ರದಲ್ಲಿ ಬಸ್ಸಿಳಿದು ಮಠದವರೆಗೆ ನಡೆಸಿದಳು. ಬರಿಗೈಯಲ್ಲಿ ಹೋಗಬಾರದೆಂದು ಸೆರಗಿನಲ್ಲಿ ಒಂದು ಸೇರಿನಷ್ಟು ಕಡಲೆಕಾಯಿ ಕಟ್ಟಿಕೊಂಡಿದ್ದಳು. ಹಾಸ್ಟೆಲ್ಲಿಗೆ ಹುಡುಗರನ್ನು ಸೇರಿಸಲು ಬಂದವರ ಸಾಲು ದೊಡ್ಡದಿತ್ತು. ಪ್ರತಿಯೊಬ್ಬ ಹುಡುಗನನ್ನೂ 'ಬುದ್ಧಿಯವರು' ತಾವೇ ನೋಡಿ, ವಿಚಾರಿಸಿ, ಸೇರಿಸಿಕೊಳ್ಳುತ್ತಿದ್ದರು. ನಾವು ಅವರನ್ನು ಕರೆಯುತ್ತಿದ್ದದ್ದು ಹಾಗೆಯೇ. ಸ್ವಾಮೀಜಿ ಎಂಬ ಮಾತು ನಮ್ಮ ನಾಲಗೆಗೆ ಹತ್ತಿದ್ದು ಪಟ್ಟಣ ಸೇರಿದ ಮೇಲೆ.

ನಮ್ಮ ಸರದಿ ಬಂದಾಗ ಅವ್ವ ಬಡತನದ ಕಥೆಯನ್ನು ಹೇಳಲು ತೊಡಗಿದಳು. ಬುದ್ಧಿಯವರು ಅದನ್ನು ಪೂರ್ತಿ ಹೇಳಿಸಲಿಲ್ಲ. ಯಾವ ಊರು, ಎಷ್ಟನೆಯ ತರಗತಿ ಎಂದು ನನ್ನನ್ನು ಕೇಳಿದರು. ಊಟವಾಯಿತೇ ಎಂದು ಇಬ್ಬರನ್ನೂ ಕೇಳಿದರು. ಅರ್ಜಿಯ ಮೇಲೆ ಏನೋ ಬರೆದು ನಮ್ಮನ್ನು ದಾಸೋಹದ ಮನೆಗೆ ಕಳುಹಿಸಿದರು. ಅವ್ವನ ಕಡಲೆಕಾಯಿ ಉಗ್ರಾಣ ಸೇರಿತು. ಅಲ್ಲಿ ಮೂಟೆಗಟ್ಟಲೆ ದವಸ ತಂದ ರೈತರೂ ಇದ್ದರು. ಅವರಿಗೆ ಸಿಕ್ಕ ಮರ್ಯಾದೆಯೇ ನನ್ನ ಅವ್ವನಿಗೂ ಸಿಕ್ಕಿತು. ಅಂದು ಊರಿಗೆ ಹಿಂದಿರುಗುವಾಗ ಅವಳು ಅಳಲಿಲ್ಲ. ಅದರ ಕಾರಣ ನನಗೆ ಅರ್ಥವಾದದ್ದು ಬಹಳ ತಡವಾಗಿ.

ಅಲ್ಲಿನ ದಿನಚರಿ ಕಠಿಣವಾಗಿತ್ತು. ನಸುಕಿನಲ್ಲಿ ಏಳಬೇಕು, ತಣ್ಣೀರಿನ ಸ್ನಾನ, ಸಾಮೂಹಿಕ ಪ್ರಾರ್ಥನೆ, ಓದು, ಶಾಲೆ. ಸಂಜೆ ಬೆಟ್ಟದ ಕೆಳಗಿನ ಬಯಲಿನಲ್ಲಿ ಮತ್ತೆ ಪ್ರಾರ್ಥನೆ. ನಮಗಿಂತ ಎಷ್ಟೋ ಮೊದಲೇ ಎದ್ದು ಪೂಜೆ ಮುಗಿಸಿರುತ್ತಿದ್ದ ಬುದ್ಧಿಯವರು ಕಚೇರಿ, ಹೊಲ, ಅಡುಗೆಮನೆ ಎಂದು ದಿನವಿಡೀ ಓಡಾಡುತ್ತಿದ್ದರು. ಆಗಲೇ ಅವರಿಗೆ ಅರವತ್ತು ದಾಟಿತ್ತು. ಮಧ್ಯಾಹ್ನ ರಾಗಿಮುದ್ದೆ, ಅನ್ನ, ಸಾರು. ದೊಡ್ಡ ಹುಡುಗರು ಬಡಿಸುತ್ತಿದ್ದರು, ಚಿಕ್ಕವರು ಉಣ್ಣುತ್ತಿದ್ದರು. ಮರುವರ್ಷ ಆ ಚಿಕ್ಕವರೂ ಸೌಟು ಹಿಡಿಯುತ್ತಿದ್ದರು. ಪಕ್ಕದಲ್ಲಿ ಕುಳಿತವನ ಜಾತಿ ಯಾವುದೆಂದು ಕೇಳುವ ಸಂದರ್ಭವೇ ಬರುತ್ತಿರಲಿಲ್ಲ. ಕೆಲವೊಮ್ಮೆ ಬುದ್ಧಿಯವರು ಪಂಕ್ತಿಯ ತುದಿಯಲ್ಲಿ ಬಂದು ನಿಲ್ಲುತ್ತಿದ್ದರು. ಉಪದೇಶ ಮಾಡುತ್ತಿರಲಿಲ್ಲ. ಯಾರ ತಟ್ಟೆ ಬರಿದಾಗಿದೆ ಎಂಬುದನ್ನಷ್ಟೇ ನೋಡುತ್ತಿದ್ದರು.

ಅವರೂ ಹಳ್ಳಿಯಿಂದ ಬಂದ ಹುಡುಗನೇ. ಮಾಗಡಿ ತಾಲ್ಲೂಕಿನ ವೀರಾಪುರದ ರೈತ ಕುಟುಂಬದಲ್ಲಿ 1907ರಲ್ಲಿ ಹುಟ್ಟಿದ ಶಿವಣ್ಣ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ, 1930ರಲ್ಲಿ, ಉದ್ದಾನ ಶಿವಯೋಗಿಗಳಿಂದ ಸನ್ಯಾಸ ಸ್ವೀಕರಿಸಿದರು. 1941ರಲ್ಲಿ ಗುರುಗಳು ಲಿಂಗೈಕ್ಯರಾದಾಗ ಮಠದ ಹೊಣೆ ಅವರ ಹೆಗಲಿಗೆ ಬಂತು. ಮಠಕ್ಕೆ ಆಗ ಹೇಳಿಕೊಳ್ಳುವಂಥ ಆದಾಯವಿರಲಿಲ್ಲ. ಓದಲು ಬರುವ ಮಕ್ಕಳಂತೂ ಹೆಚ್ಚುತ್ತಲೇ ಇದ್ದರು. ಅವರು ಜೋಳಿಗೆ ಹಿಡಿದು ಹಳ್ಳಿ ಹಳ್ಳಿಗೆ ಭಿಕ್ಷಾಟನೆಗೆ ಹೊರಟರು. ಗಾಡಿಗಳಲ್ಲಿ ದವಸ ಬಂತು, ಒಲೆ ಉರಿಯಿತು. ನಂತರದ ದಶಕಗಳಲ್ಲಿ ಮಠದಲ್ಲಿ ಓದುವ ಮಕ್ಕಳ ಸಂಖ್ಯೆ ಹತ್ತು ಸಾವಿರದ ಹತ್ತಿರಕ್ಕೆ ಬೆಳೆಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಕೈಯೊಡ್ಡುವ ಕೆಲಸವನ್ನೆಲ್ಲ ಅವರು ತಮ್ಮ ಪಾಲಿಗೆ ಇಟ್ಟುಕೊಂಡರು. ಮಕ್ಕಳ ಪಾಲಿಗೆ ಉಳಿದದ್ದು ಉಣ್ಣುವ ಹಕ್ಕು ಮತ್ತು ಓದುವ ಕರ್ತವ್ಯ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವೇ ಇದು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಅವ್ವನ ಕಥೆಯನ್ನು ಬುದ್ಧಿಯವರು ಪೂರ್ತಿ ಕೇಳದೇ ಇದ್ದದ್ದು ಅವಸರದಿಂದಲ್ಲ. ಮಗನ ಎದುರು ಅವಳು ತನ್ನ ಬಡತನವನ್ನು ಬಿಡಿಸಿಡುವಂತಾಗಬಾರದು ಎಂಬ ಕಾಳಜಿಯಿಂದ.

ಇಷ್ಟು ಎಚ್ಚರದಿಂದ ಅವರು ಕಾಪಾಡಿಕೊಟ್ಟ ಮಾನವನ್ನು ನಾನು ಕಳೆದುಕೊಂಡದ್ದು ಬೆಂಗಳೂರಿನಲ್ಲಿ. ನೌಕರಿ ಸಿಕ್ಕ ಹೊಸತರಲ್ಲಿ ಒಂದು ಮಧ್ಯಾಹ್ನ ಊಟದ ಡಬ್ಬಿಗಳ ನಡುವೆ ಸಹೋದ್ಯೋಗಿಯೊಬ್ಬರು ಮಠಗಳ 'ಬಿಟ್ಟಿ ಅನ್ನ' ತಿಂದು ಬಂದ ಹುಡುಗರ ಬಗ್ಗೆ ಲಘುವಾಗಿ ಮಾತನಾಡಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂದಿನಿಂದ ಓದಿದ್ದೆಲ್ಲಿ ಎಂದು ಯಾರಾದರೂ ಕೇಳಿದರೆ ತುಮಕೂರು ಎಂದಷ್ಟೇ ಹೇಳಿ ಮಾತು ತಿರುಗಿಸುವುದು ರೂಢಿಯಾಯಿತು. ವರ್ಷಕ್ಕೊಮ್ಮೆ ಮಠಕ್ಕೆ ಹಣ ಕಳುಹಿಸುತ್ತಿದ್ದೆ, ಹೆಸರು ಬರೆಯದೆ. ಅದನ್ನು ವಿನಯವೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ವಿನಯವಲ್ಲ, ನಾಚಿಕೆ.

ಮರುದಿನ ಮಗಳೊಂದಿಗೆ ಮಠಕ್ಕೆ ಹೋದೆ. ಲಕ್ಷಾಂತರ ಜನ ಸೇರಿದ್ದರು. ಅಂಥ ದುಃಖದಲ್ಲಿಯೂ ಬಂದವರಿಗೆಲ್ಲ ಊಟವಿತ್ತು. ನಲವತ್ತು ವರ್ಷಗಳ ನಂತರ ಮತ್ತೆ ಪಂಕ್ತಿಯಲ್ಲಿ ಕುಳಿತೆ. ಹನ್ನೆರಡು ವರ್ಷದ ಹುಡುಗನೊಬ್ಬ ಬಡಿಸುತ್ತ ಬಂದ. ಅತ್ತು ಅವನ ಕಣ್ಣು ಊದಿಕೊಂಡಿದ್ದವು, ಆದರೆ ಕೈ ತಪ್ಪಿರಲಿಲ್ಲ. ನಾನೂ ಇಲ್ಲಿಯೇ ಬಡಿಸುತ್ತಿದ್ದೆ ಎಂದು ಮಗಳಿಗೆ ಹೇಳಿದೆ. ಹಿಂದಿರುಗುವ ದಾರಿಯುದ್ದಕ್ಕೂ ಅವಳು ಕೇಳಿದಳು, ನಾನು ಹೇಳಿದೆ.

ರಾಜ್ಯ ಸರ್ಕಾರ 2007ರಲ್ಲಿ ಅವರಿಗೆ 'ಕರ್ನಾಟಕ ರತ್ನ' ನೀಡಿತು. ಕೇಂದ್ರ 2015ರಲ್ಲಿ 'ಪದ್ಮಭೂಷಣ' ನೀಡಿತು. 'ಭಾರತ ರತ್ನ'ದ ಬೇಡಿಕೆ ಮತ್ತೆ ಮತ್ತೆ ಕೇಳಿಬರುತ್ತದೆ. ಅವರು ಅಗಲಿದ ದಿನವನ್ನು 'ದಾಸೋಹ ದಿನ' ಎಂದು ಸರ್ಕಾರ ಘೋಷಿಸಿದೆ. ಗೌರವಗಳು ಸಲ್ಲಲಿ. ಆದರೆ ಒಂದು ಮಾತು ನಮ್ಮ ಮನಸ್ಸಿನಲ್ಲಿರಬೇಕು. ಶಾಲೆಯ ಬಿಸಿಯೂಟವನ್ನು ಕರುಣೆಯೆಂಬಂತೆ ಬಡಿಸುವಾಗ, ಊಟದ ಪೊಟ್ಟಣ ಕೊಡುತ್ತಾ ಬಡವರೊಂದಿಗೆ ಫೋಟೊ ತೆಗೆಸಿಕೊಳ್ಳುವಾಗ, ಅನ್ನವೇನೋ ತಲುಪುತ್ತದೆ, ದಾಸೋಹ ತಪ್ಪಿಹೋಗುತ್ತದೆ. ಉಂಡವನು ಮೂವತ್ತು ವರ್ಷ ಬಚ್ಚಿಟ್ಟುಕೊಳ್ಳಬೇಕಾದ ಅವಮಾನವಾಗಬಾರದು ಅನ್ನ.

ನೂರಹನ್ನೊಂದು ವರ್ಷ ಬದುಕಿದ ಆ ಹಿರಿಯ ಜೀವ ಕೊನೆಯ ದಿನವೂ ಮಕ್ಕಳ ಪಂಕ್ತಿಯನ್ನು ಮರೆಯಲಿಲ್ಲ. ಅಳುವುದು ಆಮೇಲೆ, ಮೊದಲು ಮಕ್ಕಳು ಉಣ್ಣಲಿ ಎಂಬ ವ್ಯವಸ್ಥೆ ಮಾಡಿ ಹೋದರು. ಈಗ ಯಾರಾದರೂ ಓದಿದ್ದೆಲ್ಲಿ ಎಂದು ಕೇಳಿದರೆ ಸಿದ್ಧಗಂಗಾ ಮಠದಲ್ಲಿ ಎನ್ನುತ್ತೇನೆ. ಅಲ್ಲಿಯೇ ಉಂಡೆ ಎಂದೂ ಸೇರಿಸುತ್ತೇನೆ.